ಇಲ್ಲದ ಊರಿಗೆ ಒಂದು ಪ್ರವಾಸ

"ಸಾರ್, ಮಾಲ್ಗುಡಿ ಅನ್ನೋ ಊರೇ ಇಲ್ಲ ಅಂದ್ಮೇಲೆ ಅದಕ್ಕೊಂದು ಮ್ಯೂಸಿಯಂ ಯಾಕೆ ಸಾರ್?"

ಬಸ್ಸಿನ ಹಿಂದಿನ ಸೀಟಿನಿಂದ ಈ ಪ್ರಶ್ನೆ ತೂರಿಬಂದಾಗ ನಮ್ಮ ಗಾಡಿ ಶಿವಮೊಗ್ಗ ದಾಟಿ ತೀರ್ಥಹಳ್ಳಿಯ ದಾರಿ ಹಿಡಿದಿತ್ತು. ಕೇಳಿದವಳು ಒಂಬತ್ತನೇ ತರಗತಿಯ ಹುಡುಗಿ. ಸುಮಾರು ಮೂವತ್ತು ವರ್ಷದಿಂದ ವಿಜ್ಞಾನ ಹೇಳುತ್ತಿರುವ ಮೇಷ್ಟ್ರು ನಾನು. ಇರುವುದನ್ನು ಅಳೆಯುವುದು, ತೂಗುವುದು, ಇಲ್ಲದ್ದನ್ನು ಇಲ್ಲ ಎನ್ನುವುದು ನನ್ನ ಕಸುಬು. ಆದರೂ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. "ನೋಡಿ ಬಂದಮೇಲೆ ನೀನೇ ಹೇಳು" ಎಂದು ಮೇಷ್ಟ್ರುಗಳು ಸಾಮಾನ್ಯವಾಗಿ ತಪ್ಪಿಸಿಕೊಳ್ಳುವ ಹಾದಿಯಲ್ಲೇ ನಾನೂ ತಪ್ಪಿಸಿಕೊಂಡೆ.

ಕಳೆದ ಡಿಸೆಂಬರಿನ ಶಾಲಾ ಪ್ರವಾಸ ಅದು. ನಮ್ಮದು ಚಿತ್ರದುರ್ಗ ಜಿಲ್ಲೆಯ ಬಯಲು ಸೀಮೆ. ವರ್ಷಕ್ಕೆ ಐನೂರು ಮಿಲಿಮೀಟರ್ ಮಳೆ ಬಿದ್ದರೆ ಅದೇ ಹಬ್ಬ. ಮಕ್ಕಳ ಪಟ್ಟಿಯಲ್ಲಿ ಇದ್ದದ್ದು ಜೋಗ ಒಂದೇ. ಆಗುಂಬೆಯನ್ನೂ ಅರಸಾಳು ರೈಲು ನಿಲ್ದಾಣವನ್ನೂ ಸೇರಿಸಿದವನು ನಾನು. ಕಾರಣ ವಿಜ್ಞಾನವಲ್ಲ; ನನ್ನ ಹೈಸ್ಕೂಲು ದಿನಗಳು.

1986ರಲ್ಲಿ ದೂರದರ್ಶನದಲ್ಲಿ 'ಮಾಲ್ಗುಡಿ ಡೇಸ್' ಶುರುವಾದಾಗ ನಮ್ಮೂರಿನಲ್ಲಿ ಟೀವಿ ಇದ್ದದ್ದು ಎರಡೇ ಮನೆಯಲ್ಲಿ. ಅದರಲ್ಲೊಂದು ಮನೆಯ ಕಿಟಕಿಯ ಸರಳು ಹಿಡಿದು ನಿಂತು ನೋಡಿದವರಲ್ಲಿ ನಾನೂ ಒಬ್ಬ. ಹಿಂದಿ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಆದರೆ ಪಂಚೆ, ಟೋಪಿ, ಕೊಡೆ, ಹೆಂಚಿನ ಮನೆ, ಎತ್ತಿನ ಗಾಡಿ ಇವಕ್ಕೆಲ್ಲ ಹಿಂದಿ ಏಕೆ ಬೇಕು? ನಿರ್ದೇಶಕ ಶಂಕರನಾಗ್ ನಮ್ಮವರು, ಸ್ವಾಮಿಯಾದ ಮಾಸ್ಟರ್ ಮಂಜುನಾಥ್ ನಮ್ಮವನು, ಅಪ್ಪನಾದ ಗಿರೀಶ ಕಾರ್ನಾಡರೂ ಅಮ್ಮನಾದ ವೈಶಾಲಿ ಕಾಸರವಳ್ಳಿಯವರೂ ನಮ್ಮವರೇ. ಹಿಂದಿ ಮಾತಾಡುವ ಕನ್ನಡದ ಊರು ಅದು. ಆರ್.ಕೆ. ಲಕ್ಷ್ಮಣರ ರೇಖಾಚಿತ್ರ, ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ಸಂಗೀತ ಶುರುವಾದರೆ ಕಿಟಕಿಯ ಬಳಿ ಸೊಳ್ಳೆ ಕಚ್ಚಿದರೂ ಯಾರೂ ಅಲುಗುತ್ತಿರಲಿಲ್ಲ.

ಸ್ಟೇಷನ್ ಮೊದಲು, ಊರು ಆಮೇಲೆ

ಈ ಊರು ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. 1930ರಲ್ಲಿ ಬೆಂಗಳೂರಿನಲ್ಲಿ, ಅಜ್ಜಿ ನೋಡಿಕೊಟ್ಟ ಶುಭದಿನದಂದು ಆರ್.ಕೆ. ನಾರಾಯಣ್ ಒಂದು ನೋಟುಪುಸ್ತಕ ತಂದು ಕಾದಂಬರಿ ಬರೆಯಲು ಕುಳಿತರಂತೆ. ಮೊದಲು ಕಣ್ಣೆದುರು ಬಂದದ್ದು ಒಂದು ಪುಟ್ಟ ರೈಲು ನಿಲ್ದಾಣ. ಆ ನಿಲ್ದಾಣದ ಹೆಸರು ಮಾಲ್ಗುಡಿ. ಆಮೇಲೆ ನಿಲ್ದಾಣಕ್ಕೊಂದು ಊರು, ಊರಿಗೊಂದು ಸರಯೂ ನದಿ, ಆಚೆಗೆ ಮೆಂಪಿ ಕಾಡು, ಈಚೆಗೆ ಮಾರ್ಕೆಟ್ ರಸ್ತೆ, ಕಬೀರ್ ಬೀದಿ, ದೊಡ್ಡವರಿಗೆಂದು ಲಾಲಿ ಬಡಾವಣೆ, ಮಕ್ಕಳಿಗೆಂದು ಆಲ್ಬರ್ಟ್ ಮಿಷನ್ ಶಾಲೆ, ಹೀಗೆ ಬೆಳೆಯುತ್ತ ಹೋಯಿತು.

ಹಸ್ತಪ್ರತಿಯನ್ನು ಲಂಡನ್ನಿನ ಪ್ರಕಾಶಕರು ಒಬ್ಬರಾದಮೇಲೊಬ್ಬರು ವಾಪಸು ಮಾಡಿದರು. ಬೇಸತ್ತ ನಾರಾಯಣ್, ಇಂಗ್ಲೆಂಡಿನಲ್ಲಿದ್ದ ಗೆಳೆಯನಿಗೆ ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಎಂದು ಬರೆದರು. ಗೆಳೆಯ ಎಸೆಯಲಿಲ್ಲ, ಗ್ರಹಾಂ ಗ್ರೀನ್ ಕೈಗೆ ಕೊಟ್ಟ. ಹಾಗೆ 1935ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಬೆಳಕು ಕಂಡಿತು. ಆ ಗೆಳೆಯ ಮಾತು ಕೇಳಿದ್ದರೆ ಒಂದು ಇಡೀ ಊರು ಥೇಮ್ಸ್ ತಳದಲ್ಲಿರುತ್ತಿತ್ತು!

ಆ ಊರಿನಲ್ಲಿ ದೊಡ್ಡ ಸಂಗತಿ ನಡೆಯುವುದು ಅಪರೂಪ. ಬ್ಯಾಂಕಿನೆದುರಿನ ಆಲದ ಮರದಡಿ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಮಾರ್ಗಯ್ಯ ರೈತರಿಗೆ ಸಾಲದ ಅರ್ಜಿ ಬರೆದುಕೊಡುತ್ತಾನೆ. ಜಗನ್ ಮಿಠಾಯಿ ಮಾರುತ್ತಾನೆ, ನಟರಾಜ ಪ್ರೆಸ್ಸು ನಡೆಸುತ್ತಾನೆ. ಜ್ಯೋತಿಷಿಯೊಬ್ಬ ಪಕ್ಕದ ಅಂಗಡಿಗಳ ದೀಪದ ಬೆಳಕಿನಲ್ಲೇ ಪರರ ಭವಿಷ್ಯ ನೋಡುತ್ತಾನೆ. ಪೋಸ್ಟ್‌ಮ್ಯಾನ್ ತಾನಪ್ಪ ಸಾವಿನ ಸುದ್ದಿ ತಂದ ಕಾಗದವನ್ನು ಮದುವೆ ಮುಗಿಯುವವರೆಗೆ ಕೊಡದೆ ಇಟ್ಟುಕೊಳ್ಳುತ್ತಾನೆ. ಇಲಾಖೆಯ ಕಣ್ಣಿನಲ್ಲಿ ತಪ್ಪು, ಊರಿನ ಕಣ್ಣಿನಲ್ಲಿ? ಇಂಥವರು ನಮ್ಮ ನಿಮ್ಮ ಊರಿನಲ್ಲಿ ಇಲ್ಲವೇ? ಅದಕ್ಕೇ ಏನೋ, ಮಾಲ್ಗುಡಿ ಎಲ್ಲಿದೆ ಎಂದರೆ ಮೈಸೂರಿನವರು ನಮ್ಮಲ್ಲಿ ಎನ್ನುತ್ತಾರೆ, ತಮಿಳರು ನಮ್ಮಲ್ಲಿ ಎನ್ನುತ್ತಾರೆ.

ಮಳೆ ಎಲ್ಲಿ ಸಾರ್?

ಆಗುಂಬೆಗೆ ಬಂದಿಳಿದಾಗ ಮಕ್ಕಳಿಗೆ ಮೊದಲ ನಿರಾಸೆ. ದಕ್ಷಿಣದ ಚಿರಾಪುಂಜಿ ಎಂದು ಪಾಠದಲ್ಲಿ ಓದಿದ್ದ ಊರಿನಲ್ಲಿ ಬಿಸಿಲು ಹೊಳೆಯುತ್ತಿತ್ತು! "ಮಳೆ ಎಲ್ಲಿ ಸಾರ್?" ಎಂದರು. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,600 ಮಿಲಿಮೀಟರ್ ಆಸುಪಾಸು. ಅಂದರೆ ನಮ್ಮೂರಿನ ಹದಿನೈದು ವರ್ಷದ ಮಳೆ ಇಲ್ಲಿ ಒಂದೇ ವರ್ಷಕ್ಕೆ. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಘಟ್ಟಕ್ಕೆ ತಾಗಿ, ಒಮ್ಮೆಗೇ ಆರುನೂರು ಮೀಟರಿಗೂ ಮೇಲೇರುತ್ತದೆ. ಏರಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದು ತಣಿಯುತ್ತದೆ, ತಣಿದಾಗ ಹೊತ್ತ ನೀರನ್ನು ಇಳಿಸುತ್ತದೆ. ಇಷ್ಟನ್ನು ಹೇಳಿ, "ಮಳೆ ಕಾಣಿಸದಿದ್ದರೂ ಅದರ ಗುರುತು ಇದೆ, ಹುಡುಕಿ" ಎಂದೆ.

ಹುಡುಕಿದರು. ಕಡಿದಾಗಿ ಇಳಿದ ಹೆಂಚಿನ ಮಾಡು, ಗೋಡೆಯಿಂದ ಮುಂದಕ್ಕೆ ಚಾಚಿದ ಸೂರು, ಗೋಡೆಯ ಬುಡದಲ್ಲಿ ಒಣಗಿ ಕಪ್ಪಾದ ಹಾವಸೆ, ಮನೆಯ ಮಗ್ಗುಲಲ್ಲಿ ಒಟ್ಟಿದ ಸೌದೆ, ಮರದ ಕಾಂಡವನ್ನೇ ಮುಚ್ಚಿದ ಪಾಚಿ. ಹತ್ತೇ ನಿಮಿಷದಲ್ಲಿ ಪಟ್ಟಿ ತಯಾರಾಯಿತು. ಎದುರಿಗೆ ಇಲ್ಲದ ಮಳೆಯನ್ನು ಮಕ್ಕಳು ಊರಿನ ಮೈಮೇಲೆ ಓದಿಬಿಟ್ಟಿದ್ದರು.

ಧಾರಾವಾಹಿಯಲ್ಲಿ ಸ್ವಾಮಿಯ ಮನೆಯಾಗಿದ್ದ ದೊಡ್ಡಮನೆ ಈಗಲೂ ಇದೆ. ಮರದ ಕಂಬಗಳು, ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಜಗಲಿ. ಜನ ಬಾಳುವ ಮನೆ ಅದು, ಪ್ರದರ್ಶನದ ವಸ್ತುವಲ್ಲ. ಹೋದವರು ಇದನ್ನು ನೆನಪಿಟ್ಟುಕೊಳ್ಳಬೇಕು. ಮಕ್ಕಳು ಚಪ್ಪಲಿ ಬಿಟ್ಟು, ಗದ್ದಲವನ್ನೂ ಹೊರಗೆ ಬಿಟ್ಟು ಒಳಗೆ ಬಂದರು. ನಾನು ಕಂಬಕ್ಕೊರಗಿ ನಿಂತೆ. ಕಿಟಕಿಯ ಆಚೆಯಿಂದ ನೋಡಿದ್ದ ಮನೆಯ ಒಳಗೆ ನಲವತ್ತು ವರ್ಷದ ಬಳಿಕ ಕಾಲಿಟ್ಟಿದ್ದೆ.

ಸಂಜೆ ಸೂರ್ಯಾಸ್ತದ ಕಟ್ಟೆಗೆ ಹೋದೆವು. ದಿಗಂತ ಶುಭ್ರವಾಗಿತ್ತು, ದೂರದಲ್ಲಿ ಸಮುದ್ರದ ಬೆಳ್ಳಿ ಗೆರೆ. ಸೂರ್ಯ ಮೊಟ್ಟೆಯಂತೆ ಚಪ್ಪಟೆಯಾಗಿ ನೀರಿಗೆ ತಾಗಿದಾಗ ನನ್ನೊಳಗಿನ ಮೇಷ್ಟ್ರು ಸುಮ್ಮನಿರಲಿಲ್ಲ. "ನೀವೀಗ ನೋಡುತ್ತಿರುವ ಸೂರ್ಯ ನಿಜವಾಗಿ ಅಲ್ಲಿಲ್ಲ. ಅವನು ಆಗಲೇ ದಿಗಂತದ ಕೆಳಗೆ ಇಳಿದಿದ್ದಾನೆ. ಗಾಳಿಯ ಪದರಗಳಲ್ಲಿ ಬೆಳಕು ಬಾಗುವುದರಿಂದ, ಹೆಚ್ಚು ಕಡಿಮೆ ಸೂರ್ಯನ ಅಗಲದಷ್ಟೇ ಮೇಲಕ್ಕೆ ಎತ್ತಿ ತೋರಿಸುತ್ತಿದೆ" ಎಂದೆ. ಬೆಳಿಗ್ಗೆ ಪ್ರಶ್ನೆ ಕೇಳಿದ್ದ ಹುಡುಗಿ ತಟ್ಟನೆ, "ಹಾಗಾದ್ರೆ ಇಲ್ಲದ್ದೂ ಕಾಣುತ್ತೆ ಅಲ್ವಾ ಸಾರ್?" ಎಂದಳು. ನಾನು ಪಾಠ ಹೇಳಿದ್ದೆ, ಅವಳು ಕಲಿತಿದ್ದಳು.

ಮಾವಿನ ಹಣ್ಣಿನ ಲೆಕ್ಕ

ಮರುದಿನ ರಿಪ್ಪನ್‌ಪೇಟೆ ಮೇಲೆ ಅರಸಾಳಿಗೆ. ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿ ಕುಂಸಿ, ಆನಂದಪುರಂ ನಡುವಿನ ಚಿಕ್ಕ ನಿಲ್ದಾಣ ಇದು. ಮೀಟರ್‌ಗೇಜ್ ಕಾಲದಲ್ಲಿ ಶಂಕರನಾಗ್ ಇದನ್ನೇ ಮಾಲ್ಗುಡಿ ಸ್ಟೇಷನ್ ಮಾಡಿದ್ದರು. ಈಗ ಬ್ರಾಡ್‌ಗೇಜ್ ಬಂದಿದೆ. ಹಳೆಯ ಕಟ್ಟಡವನ್ನು ಕೆಡವದೆ ಉಳಿಸಿ, 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಒಳಗೆ ಧಾರಾವಾಹಿಯ ಚಿತ್ರಗಳು, ಹಳೆಯ ಕಾಲದ ವಸ್ತುಗಳು. ಶಂಕರನಾಗ್ 1990ರಲ್ಲಿ ಅಪಘಾತದಲ್ಲಿ ಹೋದರು, ನಾರಾಯಣ್ 2001ರಲ್ಲಿ. ಇಲ್ಲದ ಊರನ್ನು ಕಟ್ಟಿದ ಇಬ್ಬರೂ ಈಗಿಲ್ಲ. ಊರು ಮಾತ್ರ ಇದೆ.

ಮಕ್ಕಳು ಫೋಟೋ ತೆಗೆದುಕೊಳ್ಳುತ್ತಿದ್ದಾಗ ನಾನು ಪ್ಲಾಟ್‌ಫಾರಂ ಬೆಂಚಿನ ಮೇಲೆ ಕುಳಿತೆ. ನೆನಪಾದದ್ದು ಮಾವಿನ ಹಣ್ಣಿನ ಲೆಕ್ಕ. ಕಾದಂಬರಿಯಲ್ಲಿ ಅಪ್ಪ ಸ್ವಾಮಿಗೆ ಒಂದು ಲೆಕ್ಕ ಕೊಡುತ್ತಾರೆ: ಹತ್ತು ಮಾವಿಗೆ ಹದಿನೈದು ಆಣೆಯಾದರೆ ನಾಲ್ಕಕ್ಕೆ ಎಷ್ಟು? ಸ್ವಾಮಿಯ ಚಿಂತೆಯೇ ಬೇರೆ: ಆ ಮಾವು ಹಣ್ಣಾಗಿತ್ತೋ, ಇನ್ನೂ ಕಾಯೋ? ಓದಿದವರೆಲ್ಲ ನಗುತ್ತಾರೆ. ನಾನೂ ನಕ್ಕಿದ್ದೆ. ಆದರೆ ನನ್ನ ತರಗತಿಯಲ್ಲೇ ಸ್ವಾಮಿ ಎದ್ದು ನಿಂತಾಗ ನನಗೆ ನಗು ಬರಲಿಲ್ಲ.

ಕೆಲಸಕ್ಕೆ ಸೇರಿದ ಹೊಸತು. ಎಂಟನೇ ತರಗತಿ. ನಿಮಿಷಕ್ಕೆ 60 ಲೀಟರ್ ಎತ್ತುವ ಪಂಪು 1,800 ಲೀಟರಿನ ತೊಟ್ಟಿ ತುಂಬಿಸಲು ಎಷ್ಟು ಹೊತ್ತು ಬೇಕು ಎಂದು ಕೇಳಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ, ಯಾವಾಗಲೂ ತೂಕಡಿಸುವವನು, ಎದ್ದು ನಿಂತು, "ಕರೆಂಟ್ ಎಷ್ಟೊತ್ತಿಗೆ ಬರುತ್ತೆ ಸಾರ್?" ಎಂದ. ತರಗತಿ ಗೊಳ್ಳೆಂದಿತು. ಹೊಸ ಮೇಷ್ಟ್ರ ಮಾನ ಹೋದಂತಾಯಿತು. ಬೆತ್ತ ಕೈಯಲ್ಲೇ ಇತ್ತು. ಹೊಡೆದೆ. ಸಾಲದ್ದಕ್ಕೆ, "ನಾಳೆ ಅಪ್ಪನನ್ನು ಕರೆದುಕೊಂಡು ಬಂದರೆ ಮಾತ್ರ ಒಳಗೆ" ಎಂದೆ.

ಅಪ್ಪ ಬರಲಿಲ್ಲ. ಹುಡುಗನೂ ಬರಲಿಲ್ಲ. ಕೆಲವು ತಿಂಗಳ ಮೇಲೆ ತಿಳಿಯಿತು: ತಂದೆಗೆ ಹಾಸಿಗೆ ಬಿಟ್ಟು ಏಳಲಾಗದ ಕಾಯಿಲೆ. ತ್ರೀಫೇಸ್ ಕರೆಂಟು ಬರುತ್ತಿದ್ದದ್ದು ನಡುರಾತ್ರಿ. ತೋಟಕ್ಕೆ ಹೋಗಿ ಮೋಟರು ಹಾಕಿ, ನೀರು ಕಟ್ಟಿ ಬರುತ್ತಿದ್ದದ್ದು ಈ ಹುಡುಗ. ಅವನು ಕೇಳಿದ್ದು ಕುಚೋದ್ಯವಲ್ಲ, ಅವನ ನಿತ್ಯದ ಲೆಕ್ಕ. ಅವರ ಮನೆಗೆ ಹೋದೆ. ಅಷ್ಟರಲ್ಲಿ ಬೋರ್‌ವೆಲ್ ಲಾರಿಯವರ ಜೊತೆ ಕೆಲಸಕ್ಕೆ ಹೊರಟುಹೋಗಿದ್ದ. ಯಾವ ಸೀಮೆಗೆ ಎಂದು ಮನೆಯವರಿಗೂ ಗೊತ್ತಿರಲಿಲ್ಲ.

ಕಥೆಯ ಸ್ವಾಮಿ ಹೆಡ್‌ಮಾಸ್ಟರ ಬೆತ್ತ ಕಿತ್ತು ಕಿಟಕಿಯಾಚೆ ಎಸೆದು ಓಡಿಹೋಗುತ್ತಾನೆ. ಕಾಡಿನ ಹಾದಿಯಲ್ಲಿ ದಿಕ್ಕು ತಪ್ಪಿ ಕೊನೆಗೆ ಮನೆ ಸೇರುತ್ತಾನೆ. ಕಥೆ ಬರೆದವರು ಸ್ವತಃ ಹೆಡ್‌ಮಾಸ್ಟರ ಮಗ, ಒಮ್ಮೆ ಪರೀಕ್ಷೆಯಲ್ಲಿ ಫೇಲಾದವರು, ಚನ್ನಪಟ್ಟಣದಲ್ಲಿ ಸಿಕ್ಕಿದ ಮೇಷ್ಟ್ರ ಕೆಲಸವನ್ನು ಒಲ್ಲದೆ ಬಿಟ್ಟುಬಂದವರು. ಹುಡುಗರ ಭಯ ಅವರಿಗೆ ಗೊತ್ತಿತ್ತು. ಮಕ್ಕಳನ್ನು ದಂಡಿಸಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿತು. ನನ್ನ ಬೆತ್ತ ಅದಕ್ಕೆ ಎಷ್ಟೋ ಮೊದಲೇ ಒಲೆಗೆ ಹೋಗಿತ್ತು. ಆದರೆ ಒಬ್ಬ ಹುಡುಗನ ಪಾಲಿಗೆ ತಡವಾಗಿ.

ಅಷ್ಟರಲ್ಲಿ ತಾಳಗುಪ್ಪದ ಕಡೆಯಿಂದ ರೈಲು ಬಂತು. ನಮ್ಮ ಮಕ್ಕಳಲ್ಲಿ ಹಲವರು ರೈಲನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಕೈ ಬೀಸಿದರು, ಒಳಗಿನ ಅಪರಿಚಿತರೂ ಕೈ ಬೀಸಿದರು. 'ಸ್ವಾಮಿ ಅಂಡ್ ಫ್ರೆಂಡ್ಸ್' ಮುಗಿಯುವುದೂ ಹೀಗೇ: ಗೆಳೆಯ ರಾಜಂನನ್ನು ಹೊತ್ತ ರೈಲು ಹೊರಡುತ್ತದೆ, ಸ್ವಾಮಿ ಪ್ಲಾಟ್‌ಫಾರಂ ಮೇಲೆ ಉಳಿಯುತ್ತಾನೆ.

"ಗೊತ್ತಾಯ್ತು ಸಾರ್" ಎಂದಳು ಆ ಹುಡುಗಿ ಬಸ್ಸು ಹತ್ತುವಾಗ. "ಊರು ಇಲ್ದೇ ಇರಬಹುದು. ಅಲ್ಲಿರೋರು ಇದ್ದಾರಲ್ಲ ಸಾರ್, ಅವರಿಗೋಸ್ಕರ ಮ್ಯೂಸಿಯಂ." ನಾನು ತಲೆಯಾಡಿಸಿದೆ. ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿರಲಿಲ್ಲ.

ಆಗುಂಬೆಗೆ ಹೋಗುವವರು ಸೂರ್ಯಾಸ್ತ ಬೇಕಿದ್ದರೆ ಡಿಸೆಂಬರ್, ಜನವರಿಯಲ್ಲಿ ಹೋಗಿ; ಮಳೆ ಬೇಕಿದ್ದರೆ ಜುಲೈನಲ್ಲಿ, ಕೊಡೆ ಮರೆಯದೆ. ಅರಸಾಳನ್ನು ಜೋಗದ ಹಾದಿಯಲ್ಲೇ ನೋಡಬಹುದು.

ಇನ್ನು, ಆ ಹುಡುಗ. ಈಗ ಅವನಿಗೂ ನಲವತ್ತು ದಾಟಿರಬೇಕು. ಎಲ್ಲಿಯೋ ಹೋಟೆಲಿನ ಮೇಜಿನ ಮೇಲೆ ಈ ಪುಟ ಅವನ ಕಣ್ಣಿಗೆ ಬಿದ್ದರೆ ತಿಳಿಯಲಿ: ಲೆಕ್ಕದ ಉತ್ತರ ಅರ್ಧ ಗಂಟೆ, ಕರೆಂಟ್ ಇದ್ದರೆ. ನೀನು ಕೇಳಿದ್ದು ಸರಿಯಾಗಿತ್ತಪ್ಪ. ಒಮ್ಮೆ ಶಾಲೆಯ ಕಡೆ ಬಾ. ಅಪ್ಪನನ್ನು ಕರೆದುಕೊಂಡು ಬರಬೇಕಾಗಿಲ್ಲ.