ಒಂದು ನೆರೆಹೊರೆಯ ಸಭೆಯ ಪ್ರಕಟಣೆಗಳು



ನಮ್ಮ ಶಾಲೆಯಲ್ಲಿ ಪ್ರಾತಃಕಾಲದ ಪ್ರಾರ್ಥನೆಯು ಮುಗಿದ ಕೂಡಲೇ ಆ ದಿನದ ಪ್ರಕಟಣೆಗಳನ್ನು ಓದುವ ಪದ್ಧತಿಯುಂಟೆಂಬುದನ್ನು ನೀವು ಮರೆತಿರಲಾರಿರಿ. ಕೀರ್ತನೆಯನ್ನು ಹಾಡುವಾಗ ನೆಟ್ಟಗೆ ನಿಂತಿದ್ದ ಸಾಲುಗಳು ಪ್ರಕಟಣೆಯ ಹೊತ್ತಿಗೆ ಅಲುಗಾಡತೊಡಗುವವು. ಹಿಂದಿನ ಸಾಲಿನಲ್ಲಿ ಜಡೆ ಎಳೆಯುವುದೂ ಪಿಸುಮಾತೂ ಆರಂಭವಾಗುವವು. ಇದಕ್ಕಾಗಿ ನಿಮ್ಮಲ್ಲಿ ಅನೇಕರನ್ನು ನಾವು ಗದರಿಸಿದ್ದುಂಟು. ಆದರೆ ಸತ್ಯವನ್ನು ಹೇಳುವುದಾದರೆ, ಓದುತ್ತಿದ್ದ ನಮ್ಮ ಮನಸ್ಸೂ ಆಗ ಅಲ್ಲಿರುತ್ತಿರಲಿಲ್ಲ. ಮುಖ್ಯೋಪಾಧ್ಯಾಯಿನಿಯ ಕರ್ತವ್ಯಗಳಲ್ಲಿ ಇದೇ ಅತ್ಯಲ್ಪವಾದುದೆಂದು ನಾವು ಎಂಟು ವರ್ಷಗಳ ಕಾಲ ಭಾವಿಸಿದ್ದೆವು. ಆ ಭಾವನೆಯು ಹೇಗೆ ಬದಲಾಯಿತೆಂಬುದನ್ನು ಈ ಸ್ಮರಣಸಂಚಿಕೆಯ ಮೂಲಕ ನಿಮಗೆ ತಿಳಿಸಬೇಕೆಂದಿದ್ದೇವೆ.

2024ನೆಯ ಇಸವಿಯ ದಸರಾ ರಜೆಗೆ ಇನ್ನಷ್ಟು ದಿನಗಳ ರಜೆಯನ್ನು ಕೂಡಿಸಿಕೊಂಡು ನಾವು ಅಮೆರಿಕದ ಫಿಲಡೆಲ್ಫಿಯಾ ನಗರಕ್ಕೆ ಹೋದೆವು. ಅಲ್ಲಿ ನಮ್ಮ ತಂಗಿಯು ದಾದಿಯಾಗಿ ಕೆಲಸಮಾಡುತ್ತಾಳೆ. ಆಕೆಯ ಪತಿಯು ತೀರಿಹೋಗಿ ಎರಡು ವರ್ಷಗಳಾಗಿದ್ದವು, ಮಕ್ಕಳಿಲ್ಲ. ಮೆಟ್ಟಿಲಿನ ಮೇಲೆ ಜಾರಿಬಿದ್ದು ಕಾಲಿನ ಎಲುಬು ಮುರಿದು ಶಸ್ತ್ರಚಿಕಿತ್ಸೆಯಾಗಿತ್ತು. ಆರೈಕೆಗಾಗಿ ಹೋದೆವೆಂದು ಎಲ್ಲರಿಗೂ ಹೇಳಿದ್ದರೂ, ಆಕೆಯನ್ನು ಊರಿಗೆ ಕರೆದುಕೊಂಡು ಬರಬೇಕೆಂಬುದೇ ನಮ್ಮ ಅಂತರಂಗದ ಉದ್ದೇಶವಾಗಿತ್ತು. ನೆರೆಮನೆಯವರ ಸುಖದುಃಖವನ್ನು ವಿಚಾರಿಸದ ದೇಶದಲ್ಲಿ ಒಬ್ಬಂಟಿಗಳಾದ ಹೆಂಗಸು ಹೇಗೆ ಬಾಳಿಯಾಳು ಎಂದು ನಾವು ದಾರಿಯುದ್ದಕ್ಕೂ ವಾದಗಳನ್ನು ಸಿದ್ಧಪಡಿಸಿಕೊಂಡಿದ್ದೆವು.

ತಂಗಿಯ ಮನೆಯಿಂದ ಎರಡು ಬೀದಿಗಳಾಚೆ ಒಂದು ಚಿಕ್ಕ ಕಲ್ಲಿನ ದೇವಾಲಯವಿದೆ. ಅದು ಎಪಿಸ್ಕೋಪಲ್ ಸಭೆಗೆ ಸೇರಿದುದು. ಈ ಹೆಸರು ನಿಮ್ಮಲ್ಲಿ ಕೆಲವರಿಗೆ ಹೊಸದಾಗಿರಬಹುದು. ಮೇಲ್ವಿಚಾರಕನೆಂಬ ಅರ್ಥದ ಗ್ರೀಕ್ ಪದದಿಂದ ಬಂದ ಇದಕ್ಕೆ ಬಿಷಪ್ಪರುಳ್ಳ ಸಭೆಯೆಂದರ್ಥ. ಅಮೆರಿಕವು ಸ್ವತಂತ್ರವಾದಾಗ ಅಲ್ಲಿದ್ದ ಆಂಗ್ಲಿಕನ್ ಸಭೆಯವರಿಗೆ ಸ್ವದೇಶದಲ್ಲಿ ಒಬ್ಬ ಬಿಷಪ್ಪರೂ ಇರಲಿಲ್ಲ. ಇಂಗ್ಲೆಂಡಿನಲ್ಲಿ ಅಭಿಷೇಕ ಹೊಂದಬೇಕಾದರೆ ಅರಸನಿಗೆ ನಿಷ್ಠೆಯ ಪ್ರಮಾಣ ಮಾಡಬೇಕಾಗಿತ್ತು. ಆದುದರಿಂದ ಸ್ಯಾಮ್ಯುಯೆಲ್ ಸೀಬರಿ ಎಂಬವರು ಸ್ಕಾಟ್ಲೆಂಡಿಗೆ ಹೋಗಿ, 1784ರಲ್ಲಿ ಅಬರ್ಡೀನ್ ಪಟ್ಟಣದಲ್ಲಿ ಅಭಿಷೇಕ ಹೊಂದಿ ಬಂದರು. 1789ರಲ್ಲಿ ಇದೇ ಫಿಲಡೆಲ್ಫಿಯಾದಲ್ಲಿ ಸಭೆಯ ನಿಬಂಧನೆಯೂ ಪ್ರಾರ್ಥನಾ ಪುಸ್ತಕವೂ ಅಂಗೀಕೃತವಾದವು. 1947ನೆಯ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಸ್ಥಾಪಿತವಾದ ನಮ್ಮ ದಕ್ಷಿಣ ಭಾರತ ಸಭೆಗೂ ಈ ಸಭೆಗೂ ಈಗ ಪೂರ್ಣ ಅನ್ಯೋನ್ಯತೆಯಿದೆ. ಒಂದರ ಸದಸ್ಯರು ಇನ್ನೊಂದರ ಕರ್ತಭೋಜನದಲ್ಲಿ ಪಾಲುಗೊಳ್ಳಬಹುದು. ಮಂಗಳೂರಿನ ಕಡೆಯ ಹೆಂಗಸೊಬ್ಬಳು ಅಲ್ಲಿ ಅನ್ಯಳಾಗಿ ಉಳಿಯದಿರಲು ಇದೂ ಒಂದು ಕಾರಣ.

ಅಕ್ಟೋಬರ್ 6ನೆಯ ಭಾನುವಾರ, ತಂಗಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ನಾವು ಮೊದಲ ಸಲ ಅಲ್ಲಿಗೆ ಹೋದೆವು. ಬಾಗಿಲಲ್ಲೇ ಒಬ್ಬ ಮುದುಕರು ನಮ್ಮ ಕೈಗೆ ಮಡಿಸಿದ ಹಾಳೆಯೊಂದನ್ನು ಕೊಟ್ಟರು. ಅದರ ಒಳಪುಟದಲ್ಲಿ ಆರಾಧನೆಯ ಕ್ರಮ. ಹಿಂಪುಟದ ತುಂಬ ಮುಂಬರುವ ಕಾರ್ಯಕ್ರಮಗಳು. ಈ ದಿನ ಮಧ್ಯಾಹ್ನ, ಸಂತ ಫ್ರಾನ್ಸಿಸರ ಸ್ಮರಣಾರ್ಥವಾಗಿ ಸಾಕುಪ್ರಾಣಿಗಳಿಗೆ ಆಶೀರ್ವಾದ. ಬುಧವಾರ ಸತ್ಯವೇದಾಧ್ಯಯನ. ಶನಿವಾರ ಬಡವರಿಗೆ ದವಸಧಾನ್ಯ ವಿತರಣೆ; ಚೀಲ ತುಂಬಲು ನಾಲ್ವರು ಬೇಕು. ನವೆಂಬರ್ 3, ಸಕಲ ಪರಿಶುದ್ಧರ ಭಾನುವಾರ; ಅಗಲಿದವರ ಹೆಸರುಗಳನ್ನು ಹಿಂಬದಿಯ ಮೇಜಿನ ಮೇಲಿರುವ ಪುಸ್ತಕದಲ್ಲಿ ಬರೆಯಿರಿ. ನವೆಂಬರ್ 5, ರಾಷ್ಟ್ರಾಧ್ಯಕ್ಷರ ಚುನಾವಣೆ. ಪ್ರಾರ್ಥನೆಗಾಗಿ ದೇವಾಲಯವು ದಿನವಿಡೀ ತೆರೆದಿರುವುದು. ನವೆಂಬರ್ 28, ಕೃತಜ್ಞತಾ ದಿನ. ಒಬ್ಬರೇ ಇರುವವರು ಸಭಾಂಗಣದ ಊಟಕ್ಕೆ ಬರಲಿ. ಡಿಸೆಂಬರ್ 1, ಆಗಮನ ಕಾಲದ ಪ್ರಥಮ ಭಾನುವಾರ. ನಾಲ್ಕು ಮೇಣದ ಬತ್ತಿಗಳ ಹಸುರು ಮಾಲೆಯನ್ನು ಮಕ್ಕಳು ಕಟ್ಟುವರು.

ನಾವು ಅಭ್ಯಾಸಬಲದಿಂದ ಹಾಳೆಯನ್ನು ಮಡಿಸಿ ಕೈಚೀಲದಲ್ಲಿಟ್ಟೆವು. ತಂಗಿಯು ಅದನ್ನು ತೆಗೆಸಿಕೊಂಡು, ಪೆನ್ಸಿಲಿನಿಂದ ಒಂದೊಂದು ಸಾಲಿನ ಪಕ್ಕದಲ್ಲೂ ಏನನ್ನೋ ಬರೆದಳು. ನೋಡಲಾಗಿ, ಅವು ಹೆಸರುಗಳು. ದವಸದ ಚೀಲವೆಂಬಲ್ಲಿ ನಿವೃತ್ತ ಬಸ್ ಚಾಲಕರೊಬ್ಬರ ಹೆಸರು. ಹಸುರು ಮಾಲೆಯೆಂಬಲ್ಲಿ ಭಾನುವಾರದ ಶಾಲೆಯ ಯುವತಿಯದು.

"ಅಕ್ಕಾ, ನೀನು ಇದನ್ನು ಸುದ್ದಿಯೆಂದು ಓದುತ್ತೀ. ನನಗೆ ಇದರಲ್ಲಿ ಜನರು ಕಾಣುತ್ತಾರೆ" ಎಂದಳು.

ಅದೇ ಮಧ್ಯಾಹ್ನ ದೇವಾಲಯದ ಹುಲ್ಲಿನ ಅಂಗಳದಲ್ಲಿ ನಾಯಿಗಳೂ ಬುಟ್ಟಿಯೊಳಗಿನ ಬೆಕ್ಕುಗಳೂ ನೆರೆದವು. ಒಬ್ಬ ಹುಡುಗನು ಆಮೆಯೊಂದನ್ನು ಎದೆಗವಚಿಕೊಂಡು ಸಾಲಿನಲ್ಲಿ ನಿಂತಿದ್ದನು. ಸಭಾಪಾಲಕರು ಒಂದೊಂದು ಪ್ರಾಣಿಯ ಹೆಸರನ್ನೂ ಕೇಳಿ, ಆ ಹೆಸರು ಹಿಡಿದೇ ಆಶೀರ್ವದಿಸಿದರು. ನಮಗೆ ಮೊದಲು ನಗು ಬಂದಿತು. ದೇವಾಲಯದೊಳಕ್ಕೆ ಎಂದೂ ಬಾರದ ಹತ್ತಾರು ನೆರೆಯವರು ಆ ದಿನ ಅಂಗಳಕ್ಕೆ ಬಂದಿದ್ದುದನ್ನು ಕಂಡ ಮೇಲೆ ಆ ನಗು ನಿಂತಿತು.

ಸಭಾಪಾಲಕರು ಒಬ್ಬ ಸ್ತ್ರೀ. ನಮ್ಮ ಹುಡುಗಿಯರು ಇದನ್ನು ಅರಿತಿರುವುದು ಯೋಗ್ಯವಾದುದರಿಂದ ಸ್ವಲ್ಪ ವಿವರಿಸುತ್ತೇವೆ. ಸಭೆಯ ಅನುಮತಿಯು ದೊರೆಯುವುದಕ್ಕೆ ಮುಂಚೆಯೇ, 1974ನೆಯ ಜುಲೈ 29ರಂದು, ಇದೇ ನಗರದ ಚರ್ಚ್ ಆಫ್ ದಿ ಅಡ್ವೊಕೇಟ್ ಎಂಬ ದೇವಾಲಯದಲ್ಲಿ ಹನ್ನೊಂದು ಮಂದಿ ಸ್ತ್ರೀಯರು ಗುರುದೀಕ್ಷೆಯನ್ನು ಪಡೆದರು. ದೊಡ್ಡ ವಿವಾದವೆದ್ದಿತು. 1976ರಲ್ಲಿ ಸಭೆಯು ಅನುಮತಿಯನ್ನಿತ್ತಿತು. ಆ ಹನ್ನೊಂದು ಮಂದಿಯ ಮುಂದೆ ಶಿಲುಬೆಯನ್ನು ಹಿಡಿದು ಮೆರವಣಿಗೆಯಲ್ಲಿ ನಡೆದಿದ್ದ ಬಾರ್ಬರಾ ಹ್ಯಾರಿಸ್ ಎಂಬ ಕರಿಯ ಮಹಿಳೆಯು, 1989ರಲ್ಲಿ ತಾನೇ ಬಿಷಪ್ಪಳಾಗಿ, ವಿಶ್ವದ ಆಂಗ್ಲಿಕನ್ ಸಭೆಗಳಲ್ಲಿ ಆ ಪದವಿಗೇರಿದ ಪ್ರಥಮ ಸ್ತ್ರೀಯೆನಿಸಿದಳು. ನಮ್ಮ ದಕ್ಷಿಣ ಭಾರತ ಸಭೆಯಲ್ಲಿಯೂ 1976ರಿಂದ ಸ್ತ್ರೀಯರಿಗೆ ಗುರುದೀಕ್ಷೆಯಾಗುತ್ತಿದ್ದು, 2013ರಲ್ಲಿ ಪುಷ್ಪಲಲಿತಾ ಅವರು ನಂದ್ಯಾಲದ ಬಿಷಪ್ಪರಾದರು.

ತಂಗಿಯ ಮನೆಗೆ ವಾರಕ್ಕೆ ಮೂರು ದಿನ ಸಭೆಯವರು ಸರದಿಯ ಪ್ರಕಾರ ಊಟ ತಂದುಕೊಡುತ್ತಿದ್ದರು. ಇದಕ್ಕೂ ಒಂದು ಪಟ್ಟಿಯು ಸಭಾಂಗಣದ ಗೋಡೆಯ ಮೇಲಿತ್ತು. ಹೆಚ್ಚಾಗಿ ಬೆಣ್ಣೆ, ಗಿಣ್ಣುಗಳನ್ನು ಹಾಕಿ ಬೇಯಿಸಿದ ಭಕ್ಷ್ಯಗಳು ಬರುತ್ತಿದ್ದವು. ರೋಗಿಗೆ ನಿಮ್ಮೂರಿನಲ್ಲಿ ಏನು ಕೊಡುತ್ತೀರೆಂದು ಒಬ್ಬ ವೃದ್ಧೆಯು ಕೇಳಲಾಗಿ, ನಾವು ಗಂಜಿಯ ಕ್ರಮವನ್ನು ಹೇಳಿದೆವು. ಮುಂದಿನ ಗುರುವಾರ ಆಕೆಯು ಪಾತ್ರೆಯ ತುಂಬ ಗಂಜಿಯನ್ನು ತಂದಳು. ಬರಿಯ ಉಪ್ಪು ಹಾಕಿ ಕೊಡುವುದು ಕಠೋರವೆಂದು ಎಣಿಸಿ ಸಕ್ಕರೆಯನ್ನೂ ದಾಲ್ಚಿನ್ನಿಯನ್ನೂ ಬೆರೆಸಿದ್ದಳು. ಉಪ್ಪಿನಕಾಯಿಯನ್ನು ಸಿದ್ಧವಾಗಿಟ್ಟುಕೊಂಡಿದ್ದ ನಮ್ಮ ತಂಗಿಯು ಅದನ್ನು ಮೆಲ್ಲನೆ ಸರಿಸಿ, ಆಕೆಯೆದುರಿಗೇ ಎರಡು ಬಟ್ಟಲು ಕುಡಿದಳು.

ಅದೇ ವೃದ್ಧೆಯ ಮನೆಯಲ್ಲಿ ನಾವು ಕಾಗದದ ನೀಲಿ ಪೆಟ್ಟಿಗೆಯೊಂದನ್ನು ಕಂಡೆವು. ದಿನದಲ್ಲಿ ಕೃತಜ್ಞತೆಗೆ ಕಾರಣವಾದುದೇನಾದರೂ ಒದಗಿದರೆ ಅದರೊಳಗೆ ಒಂದು ನಾಣ್ಯವನ್ನು ಹಾಕುವುದು ಪದ್ಧತಿ. ಆ ಸಭೆಯ ಸ್ತ್ರೀಯರ ಈ ಕೃತಜ್ಞತಾ ಕಾಣಿಕೆಯು 1889ರಲ್ಲಿ ಪ್ರಾರಂಭವಾಯಿತು. ಆ ಮೊದಲ ಕಾಣಿಕೆಯಿಂದ ಅಲಾಸ್ಕದ ಆನ್ವಿಕ್ ಎಂಬ ಊರಿನಲ್ಲಿ ದೇವಾಲಯವೊಂದು ಕಟ್ಟಲ್ಪಟ್ಟಿತು, ಜಪಾನಿಗೆ ಒಬ್ಬ ಮಿಶನೆರಿ ಹೆಂಗಸು ಹೋದಳು. ಇದನ್ನು ಕೇಳಿದಾಗ ನಮ್ಮ ತಾಯಿಯು ಅನ್ನಕ್ಕೆ ಅಕ್ಕಿಯನ್ನಳೆಯುವಾಗಲೆಲ್ಲ ಒಂದು ಹಿಡಿ ತೆಗೆದು ಮಡಕೆಗೆ ಹಾಕಿಡುತ್ತಿದ್ದುದು ಕಣ್ಣಿಗೆ ಕಟ್ಟಿತು. ತಿಂಗಳ ಕೊನೆಗೆ ಆ ಅಕ್ಕಿಯು ಸಭೆಗೆ ಹೋಗುತ್ತಿತ್ತು. ನಾವು ಉಪವಾಸವಿದ್ದ ತಿಂಗಳಲ್ಲಿಯೂ ಹೋಗುತ್ತಿತ್ತು. ಅದಕ್ಕಾಗಿ ಬಾಲ್ಯದಲ್ಲಿ ತಾಯಿಯ ಮೇಲೆ ಮುನಿದದ್ದೂ ಉಂಟು.

ಆ ತಾಯಿಯು 2019ರಲ್ಲಿ ತೀರಿಕೊಂಡಳು. ತಂಗಿಗೆ ಆಗ ಬರಲಾಗಲಿಲ್ಲ. ಹಿಂಬದಿಯ ಮೇಜಿನ ಪುಸ್ತಕದಲ್ಲಿ ನಾವು ಅಕ್ಕತಂಗಿಯರಿಬ್ಬರೂ ಕೂಡಿ ತಾಯಿಯ ಹೆಸರನ್ನೂ, ಅದರ ಕೆಳಗೆ ತಂಗಿಯ ಪತಿಯ ಹೆಸರನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆವು. ಮುಂದಿನ ಭಾನುವಾರ ಆರಾಧನೆಯಾದ ಮೇಲೆ ಎಲ್ಲರೂ ಕಾಫಿ ಕುಡಿಯುತ್ತಿರುವಾಗ, ಬಾಗಿಲಲ್ಲಿ ಹಾಳೆ ಕೊಡುವ ಆ ಮುದುಕರು ಪುಸ್ತಕವನ್ನು ಹಿಡಿದುಕೊಂಡು ನಮ್ಮ ಬಳಿಗೆ ಬಂದು, ಹೆಸರುಗಳನ್ನು ಓದತಕ್ಕವರು ತಾವೇ ಎಂದೂ, ತಪ್ಪಾಗಿ ಓದಲು ಇಷ್ಟವಿಲ್ಲವೆಂದೂ ಹೇಳಿದರು. ತಾಯಿಯ ಹೆಸರಿನಲ್ಲಿ ಳಕಾರವಿದೆ. ಅವರ ನಾಲಿಗೆಗೆ ಅದು ಒಲಿಯದು. ಹತ್ತು ಸಲ ಹೇಳಿಸಿಕೊಂಡರು; ತಮಗೆ ತಿಳಿಯುವ ಗುರುತೊಂದನ್ನು ಪೆನ್ಸಿಲಿನಿಂದ ಹಾಕಿಕೊಂಡರು; ಅದರ ಮುಂದಿನ ಭಾನುವಾರವೂ ಬಂದು ಒಪ್ಪಿಸಿದರು. ಉಪಾಧ್ಯಾಯಿನಿಯಾದ ನಮಗೆ ಇಂತಹ ವಿದ್ಯಾರ್ಥಿಯು ಅಪರೂಪ.

ನವೆಂಬರ್ 3ರಂದು ದೇವಾಲಯದಲ್ಲಿ ಸುಮಾರು ಅರವತ್ತು ಮಂದಿಯಿದ್ದರು. ಎರಡು ದಿನಗಳಲ್ಲಿ ಬರಲಿದ್ದ ಚುನಾವಣೆಯ ವಿಷಯದಲ್ಲಿ ಅವರೊಳಗೆ ಏಕಾಭಿಪ್ರಾಯವಿರಲಿಲ್ಲ. ಕಾಫಿಯ ಹೊತ್ತಿನಲ್ಲಿ ಮಾತು ತಡೆದು ತಡೆದು ಬರುತ್ತಿದ್ದುದನ್ನು ನಾವೇ ಗಮನಿಸಿದ್ದೆವು. ಹೆಸರುಗಳನ್ನು ಓದುವಾಗ ಮಾತ್ರ ಎಲ್ಲರೂ ಒಟ್ಟಿಗೆ ನಿಂತರು. ನಮ್ಮ ತಾಯಿಯ ಹೆಸರು ಬಂದಾಗ ಆ ಮುದುಕರು ಕ್ಷಣಮಾತ್ರ ನಿಂತು, ಉಸಿರೆಳೆದುಕೊಂಡು, ಓದಿದರು. ಳಕಾರವು ಪೂರ್ಣವಾಗಿ ಬರಲಿಲ್ಲ. ತಂಗಿಯು ನಮ್ಮ ಕೈಯನ್ನು ಬಿಗಿಯಾಗಿ ಹಿಡಿದು ಅತ್ತಳು. ಆ ಐದು ವರ್ಷಗಳಲ್ಲಿ ತಾಯಿಗಾಗಿ ಆಕೆಯು ಅತ್ತುದನ್ನು ನಾವು ಕಂಡದ್ದು ಅದೇ ಮೊದಲು.

ಆದರೆ ಆ ಹೊತ್ತಿನಲ್ಲಿ ನಮ್ಮ ಮನಸ್ಸಿಗೆ ಬಂದದ್ದು ಇನ್ನೊಂದು ಹೆಸರು. ಬಹಳ ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ ನಾವು ಹೊಸದಾಗಿ ಉಪಾಧ್ಯಾಯಿನಿಯಾಗಿದ್ದಾಗ, ಎಂಟನೆಯ ತರಗತಿಯ ಒಬ್ಬ ಹುಡುಗಿಯು ಬರುವುದನ್ನು ನಿಲ್ಲಿಸಿದಳು. ಪ್ರತಿದಿನ ಹಾಜರಿಯಲ್ಲಿ ಅವಳ ಹೆಸರನ್ನು ಕರೆದೆವು. ಉತ್ತರವಿಲ್ಲದಿರಲು ಗುರುತು ಹಾಕಿ ಮುಂದಿನ ಹೆಸರಿಗೆ ಹೋದೆವು. ನಿಯಮದ ಪ್ರಕಾರ ಕಾಲವು ಕಳೆದ ಮೇಲೆ ಕೆಂಪು ಶಾಯಿಯಿಂದ ಹೆಸರನ್ನು ಹೊಡೆದೆವು. ಅವಳ ತಾಯಿ ತೀರಿಕೊಂಡು, ಮೂವರು ತಮ್ಮಂದಿರ ಭಾರವು ಅವಳ ಮೇಲೆ ಬಿದ್ದಿತ್ತೆಂಬುದು ನಮಗೆ ತಿಳಿದದ್ದು ಮರುವರ್ಷ. ಅವಳ ಮನೆಯು ಶಾಲೆಗೆ ಒಂದು ಮೈಲಿಯೂ ಇರಲಿಲ್ಲ. ನಾವು ಹೆಸರನ್ನು ಸ್ಪಷ್ಟವಾಗಿ, ಶುದ್ಧ ಉಚ್ಚಾರದಿಂದಲೇ ಕರೆದಿದ್ದೆವು.

ಆ ಸಭೆಯಲ್ಲಿ ಎಲ್ಲವೂ ಸುಭಿಕ್ಷವಾಗಿತ್ತೆಂದು ನೀವು ತಿಳಿಯಬಾರದು. ಆರಾಧಕರಲ್ಲಿ ಹೆಚ್ಚಿನವರು ವೃದ್ಧರು. ಮಾಡಿನ ದುರಸ್ತಿಗೆ ಹಣ ಸಾಲದು. ಸಭೆಯ ಸದಸ್ಯರಿಂದಲೇ ಆರಿಸಲ್ಪಟ್ಟ ವೆಸ್ಟ್ರಿ ಎಂಬ ಆಡಳಿತ ಮಂಡಳಿಯು, ಮುಂದಿನ ವರ್ಷಕ್ಕೆ ಯಾರು ಎಷ್ಟು ಕೊಡುವಿರೆಂದು ಬರೆದುಕೊಡಿರೆಂಬ ಚೀಟಿಗಳನ್ನು ಹಂಚಿ, ಕಾತರದಿಂದ ಕಾಯುತ್ತಿತ್ತು. ಈ ಚಿಂತೆಯೂ ಹಿಂಪುಟದಲ್ಲಿ ಮುಚ್ಚುಮರೆಯಿಲ್ಲದೆ ಅಚ್ಚಾಗಿತ್ತು.

ಹೊರಡುವ ಮುನ್ನಾದಿನ ರಾತ್ರಿ ನಾವು ಕೊನೆಗೂ ಊರಿನ ಮಾತೆತ್ತಿದೆವು. ತಂಗಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕಾ, ಡಿಸೆಂಬರ್ ಎರಡನೆಯ ಶನಿವಾರ ಚೀಲ ತುಂಬುವುದಕ್ಕೆ ಹೆಸರು ಕೊಟ್ಟಿದ್ದೇನೆ. ಕೂತೇ ಮಾಡುವ ಕೆಲಸ" ಎಂದಳು. ನಮ್ಮ ವಾದಗಳೆಲ್ಲ ಪೆಟ್ಟಿಗೆಯಲ್ಲೇ ಉಳಿದವು. ನಾವು ಒಬ್ಬರೇ ಹಿಂದಿರುಗಿದೆವು. ವಿಮಾನದಲ್ಲಿ ನಮಗೆ ದುಃಖವಾಯಿತು, ಭಯವಾಗಲಿಲ್ಲ.

ಈಗ ನಮ್ಮ ಶಾಲೆಯ ಕಾರ್ಯಾಲಯದ ಬಾಗಿಲ ಬಳಿ ಒಂದು ಮೇಜೂ ಅದರ ಮೇಲೆ ಒಂದು ಪುಸ್ತಕವೂ ಇವೆ. ಮೂರು ದಿನ ಬಾರದ ಹುಡುಗಿಯ ಹೆಸರನ್ನು ಅವಳ ತರಗತಿಯವರೇ ಅದರಲ್ಲಿ ಬರೆಯುತ್ತಾರೆ. ಆ ವಾರದೊಳಗೆ ಒಬ್ಬ ಉಪಾಧ್ಯಾಯಿನಿಯೂ ಒಬ್ಬ ಸಹಪಾಠಿನಿಯೂ ಅವಳ ಮನೆಗೆ ಹೋಗುತ್ತಾರೆ. ಪ್ರಕಟಣೆಗಳನ್ನು ಓದುವಾಗ ಪ್ರತಿಯೊಂದು ಕಾರ್ಯದೊಡನೆ ಅದನ್ನು ವಹಿಸಿಕೊಂಡವರ ಹೆಸರನ್ನೂ ಓದುತ್ತೇವೆ. ಹಿಂದಿನ ಸಾಲಿನಲ್ಲಿ ಜಡೆ ಎಳೆಯುವುದು ನಿಂತಿಲ್ಲ.

ಹಳೆಯ ವಿದ್ಯಾರ್ಥಿನಿಯರೇ, ಆ ಪುಸ್ತಕದ ಕೊನೆಯ ಪುಟಗಳನ್ನು ನಿಮಗಾಗಿ ಬಿಟ್ಟಿದ್ದೇವೆ. ನಿಮ್ಮೊಡನೆ ಕಲಿತು ಈಗ ಎಲ್ಲಿರುವಳೆಂದು ಯಾರಿಗೂ ತಿಳಿಯದ ಗೆಳತಿಯ ಹೆಸರನ್ನೂ, ನಮ್ಮನ್ನಗಲಿದವರ ಹೆಸರನ್ನೂ ಬಂದು ಬರೆಯಿರಿ. ಬರಲಾಗದವರು ಪತ್ರದ ಮೂಲಕ ಕಳುಹಿಸಿರಿ. ನೀವೆಲ್ಲರೂ ಕೂಡುವ ದಿನ ಅವನ್ನು ನಾವು ಓದುವೆವು. ಯಾವುದಾದರೂ ಹೆಸರನ್ನು ನಾವು ತಪ್ಪಾಗಿ ಓದಿದರೆ, ದಯಮಾಡಿ ಎದ್ದುನಿಂತು ತಿದ್ದಿರಿ.