ಯಾವ ಮನಿ ನಿಮ್ಮದು?

ಐವತ್ನಾಲ್ಕನೆಯ ವಯಸ್ಸಿನಲ್ಲಿ ಹಾರ್ಮೋನಿಯಂ ಕಲಿಯುತ್ತೇನೆಂದು ನಾನು ಹೇಳಿದಾಗ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ನಕ್ಕರು, ಅಷ್ಟೆ. "ಮೊಣಕಾಲ ನೋವಂತ ನೆಲದ ಮ್ಯಾಲ ಕೂಡಾಕ ಬರಂಗಿಲ್ಲ, ಪೇಟಿ ಹೆಂಗ ಬಾರಸ್ತಿ?" ಎಂದರು ನಮ್ಮ ಮನೆಯವರು. ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲಿ, "ಅವ್ವಾ, ಕರೆಂಟಿನ ಕೀಬೋರ್ಡ್ ತಗೋ, ಹಗುರ ಇರ್ತದ" ಎಂದಳು. ನನಗೆ ಬೇಕಾಗಿದ್ದುದು ಗಾಳಿಯಿಂದ ನುಡಿಯುವ ಪೆಟ್ಟಿಗೆ. ಯಾಕೆ ಎಂದು ಅವಳಿಗೆ ತಿಳಿಸಿ ಹೇಳಲು ನನಗೆ ಬರಲಿಲ್ಲ.

ನಮ್ಮ ಕಡೆ ಹಾರ್ಮೋನಿಯಂ ಎಂದರೆ ಪೇಟಿ. ನಾನು ಚಿಕ್ಕವಳಿದ್ದಾಗ ಸುರಪುರದ ನಮ್ಮ ಓಣಿಯಲ್ಲಿ ಸುಗ್ಗಿ ಮುಗಿದ ಮೇಲೆ ಹುಡುಗರು ನಾಟಕ ಆಡುತ್ತಿದ್ದರು. ಅವರಿಗೆ ಕಲಿಸಲು ಪೇಟಿ ಮಾಸ್ತರರು ಬಂದು ತಿಂಗಳುಗಟ್ಟಲೆ ಇರುತ್ತಿದ್ದರು. ಗುಡಿಯ ಕಟ್ಟೆಯ ಮೇಲೆ ಕಂದೀಲು, ಕಂದೀಲಿನ ಮುಂದೆ ಪೇಟಿ, ಸುತ್ತ ಗಂಡು ಹುಡುಗರು. ನಾವು ಹುಡುಗಿಯರು ಬಾಗಿಲ ಮರೆಯಲ್ಲಿ. ಒಂದು ಸಂಜೆ ಮಾಸ್ತರರು ಚಹಾ ಕುಡಿಯಲು ಎದ್ದಾಗ ನಾನು ಓಡಿಹೋಗಿ ಒಂದು ಮನೆ ಒತ್ತಿದೆ. ಹಿಂದಿನ ತಿದಿಯನ್ನೂ ಒತ್ತಬೇಕೆಂದು ನನಗೆಲ್ಲಿ ಗೊತ್ತು? ಸದ್ದೇ ಬರಲಿಲ್ಲ. ಸದ್ದು ಬರದಿದ್ದರೂ ಬೆನ್ನಿಗೆ ಅಜ್ಜಿಯ ಗುದ್ದು ಬಿತ್ತು. ಪೇಟಿ ಮುಟ್ಟುವವರು ಕಂಪನಿ ನಾಟಕದ ಹೆಣ್ಣುಮಕ್ಕಳು, ಮನೆತನಸ್ಥರ ಹುಡುಗಿಯರಲ್ಲ ಎನ್ನುವುದು ಅವಳ ಲೆಕ್ಕ. ಆಮೇಲೆ ಕೆಲವು ದಿನ ಮನೆಯ ಶಹಾಬಾದ ಕಲ್ಲಿನ ನೆಲದ ಮೇಲೆ ಬಳಪದಿಂದ ಕರಿ ಮನೆ, ಬಿಳಿ ಮನೆ ಬರೆದುಕೊಂಡು ಬೆರಳಾಡಿಸಿದೆ. ಅವ್ವ ನೆಲ ಸಾರಿಸಿದಾಗ ಅದೂ ಹೋಯಿತು.

ಮುಂದೆ ಬಿ.ಎ., ಬಿ.ಎಡ್., ನೌಕರಿ, ಯಾದಗಿರಿಯ ಮನೆಗೆ ಸೊಸೆಯಾಗಿ ಹೋದದ್ದು, ವರ್ಗಾವಣೆಯಾಗಿ ಶಹಾಪುರಕ್ಕೆ ಬಂದು ನೆಲೆಸಿದ್ದು. ಅದನ್ನೆಲ್ಲ ಇಲ್ಲಿ ಹೇಳುವುದು ಬೇಡ.

ಎರಡು ವರ್ಷದ ಹಿಂದೆ ಅರಿಯರ್ಸ್ ಹಣ ಕೈಗೆ ಬಂತು. ತರಬೇತಿಗೆಂದು ದೊಡ್ಡ ಊರಿಗೆ ಹೋದವಳು ವಾದ್ಯಗಳ ಅಂಗಡಿಯೊಂದಕ್ಕೆ ಹೊಕ್ಕೆ. ಸೀರೆಯ ಅಂಗಡಿಯಲ್ಲಿ ಅರ್ಧ ದಿನ ಕುಳಿತು ಸೆರಗು, ಅಂಚು, ಬಣ್ಣ ಎಲ್ಲ ಪರೀಕ್ಷಿಸುವ ನಾನು ಇಲ್ಲಿ ಹತ್ತೇ ನಿಮಿಷದಲ್ಲಿ ವ್ಯಾಪಾರ ಮುಗಿಸಿದೆ. ಯಾಕೆಂದರೆ ಏನು ನೋಡಬೇಕೆಂದೇ ಗೊತ್ತಿರಲಿಲ್ಲ. ಕನ್ನಡಿಯಂಥ ಪಾಲಿಶು, ಮುಂದೆ ಒಂಬತ್ತು ಗುಂಡಿ, ಮೇಲೆ ಸ್ಕೇಲ್ ಚೇಂಜರ್. ಅಂಗಡಿಯವರು ತಾವೇ ಬಾರಿಸಿ ತೋರಿಸಿದರು. ಅವರ ಕೈಯಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ. 24,000 ರೂಪಾಯಿ ಎಣಿಸಿ ಕೊಟ್ಟೆ. ಶಹಾಪುರಕ್ಕೆ ರೈಲಿಲ್ಲವಲ್ಲ, ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು ಅದನ್ನು ಹೊರುವಾಗಲೇ ನನಗೆ ಅರ್ಧ ಬುದ್ಧಿ ಬಂತು.

ಉಳಿದರ್ಧ ಮನೆಯಲ್ಲಿ ಬಂತು. ತೊಡೆಯ ಪಕ್ಕದಲ್ಲಿಟ್ಟುಕೊಂಡರೆ ನನ್ನ ಕೈ ತಿದಿಯವರೆಗೆ ಸರಾಗವಾಗಿ ಹೋಗದು. ಎಷ್ಟು ಒತ್ತಿದರೂ ಗಾಳಿ ಸಾಲದು. ಎರಡು ಸಾಲು ಹಾಡುವುದರೊಳಗೆ ಎಡಗೈ ಸೋತು ರೊಟ್ಟಿ ಬಡಿಯಲೂ ಬಾರದಂತಾಗುತ್ತಿತ್ತು. ಅಂಗಡಿಗೆ ಫೋನು ಮಾಡಿದೆ. ರಸೀದಿಯ ಕೆಳಗೆ ಮಾರಿದ ಮಾಲು ವಾಪಸಿಲ್ಲವೆಂದು ಬರೆದಿದೆ, ಓದಿಕೊಳ್ಳಿರಿ ಎಂದರು. ಮಕ್ಕಳಿಗೆ ದಿನವೂ ಓದಿ ಓದಿ ಎನ್ನುವವಳು ನಾನು.

ನಮ್ಮ ಶಾಲೆಯ ಹುಡುಗನೊಬ್ಬನ ಮುತ್ಯಾ ಹಳ್ಳಿಯ ಭಜನಿ ಮೇಳದಲ್ಲಿ ಪೇಟಿ ಹಿಡಿಯುವವರು. ಅಮಾವಾಸ್ಯೆಯ ರಾತ್ರಿ ಬೆಳಗಿನವರೆಗೆ ತತ್ವಪದ ಹಾಡುತ್ತಾರೆ, ಕೃಷ್ಣಾ ತೀರದ ತಿಂಥಣಿ ಜಾತ್ರೆಗೆ ತಪ್ಪದೆ ಹೋಗುತ್ತಾರೆ. ಓದು ಬರಹ ಬಾರದು. ಅವರನ್ನು ಕೇಳೋಣವೆಂದು ಒಂದು ರವಿವಾರ ಅವರ ಊರಿಗೆ ಹೋದೆ. ಗುಡಿಯ ಮುಂದೆ ಮೇಳದವರೆಲ್ಲ ಕುಳಿತಿದ್ದರು. ನಾನು ಪೇಟಿಯ ಕಥೆ ಶುರು ಮಾಡುವ ಮುಂಚೆಯೇ ಮುತ್ಯಾ ಕೇಳಿದರು:

"ಅದೆಲ್ಲ ಇರ್ಲಿ ಯವ್ವಾ, ಯಾವ ಮನಿ ನಿಮ್ಮದು?"

"ಶಹಾಪುರದಾಗ ಬಸ್ ಸ್ಟ್ಯಾಂಡ ಹಿಂದ" ಎಂದೆ.

ಎಲ್ಲರೂ ಹೋ ಎಂದು ನಕ್ಕರು. ಮುತ್ಯಾ ಮಾತ್ರ ನಗಲಿಲ್ಲ. "ಅದಲ್ಲ. ದನಿ ಯಾವ ಮನ್ಯಾಗ ನಿಂದ್ರತದ ಅಂತ ಕೇಳ್ದೆ. ಕರಿ ಒಂದೋ, ಬಿಳಿ ನಾಕೋ? ಅದು ಗೊತ್ತಿಲ್ದ ಪೇಟಿ ಹೆಂಗ ತಗೊಂಡ್ರಿ?"

ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಪ್ರಾರ್ಥನೆ ಹಾಡಿಸಿದ್ದೇನೆ. ಆದರೆ ಸ್ವರ ಎತ್ತಿ ಕೊಡುವವರು ಯಾವಾಗಲೂ ಗಂಡು ಮಾಸ್ತರರು, ನಾವು ಹಿಂದೆ ಸೇರಿಕೊಳ್ಳುವವರು. ಯಾದಗಿರಿಯ ಮನೆಯಲ್ಲಿ ಮಾವನವರು ಭಜನೆ ಎತ್ತಿಕೊಂಡರೆ ಅವರದೇ ಶ್ರುತಿ. ಕೆಳಗೆ ಹಾಡಿದರೆ ಗೊಣಗಿದಂತೆ, ಮೇಲೆ ಹಾಡಿದರೆ ಕಿರಿಚಿದಂತೆ. ನನಗೆ ಕಂಠವಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಗಂಡಸರು ಕರಿ ಒಂದು, ಕರಿ ಎರಡು ಎಂದು ಹಾಡುವಾಗ ಹೆಂಗಸರ ದನಿ ಸಾಮಾನ್ಯವಾಗಿ ಬಿಳಿ ಐದು, ಕರಿ ನಾಲ್ಕು, ಕರಿ ಐದರ ಸುತ್ತ ನಿಲ್ಲುತ್ತದೆಯೆಂದು ಯಾರೂ ಹೇಳಿರಲಿಲ್ಲ.

ಮುತ್ಯಾ ಒಂದೊಂದೇ ಮನೆ ಒತ್ತುತ್ತ ನನ್ನಿಂದ ಸಾ ಹಾಡಿಸಿದರು. ಕೆಳಗಿನ ಪಂಚಮಕ್ಕೆ ಇಳಿಯಿರಿ, ಮೇಲಿನ ಪಂಚಮಕ್ಕೆ ಏರಿರಿ ಎಂದರು. ನಾಲ್ಕೈದು ಮನೆ ದಾಟಿದ ಮೇಲೆ ಒಂದು ಕಡೆ ದನಿ ತಾನೇ ಕುಳಿತುಕೊಂಡಿತು. ಹೊಸಿಲು ದಾಟಿ ತವರಿನ ಪಡಸಾಲೆಯಲ್ಲಿ ಕಾಲು ಚಾಚಿದ ಹಾಗೆ. "ಬಿಳಿ ಐದು" ಎಂದರು ಮುತ್ಯಾ. ನಾನು ಸುಮ್ಮನೆ ಸೆರಗಿನಿಂದ ಮುಖ ಒರೆಸಿಕೊಂಡೆ. ಸೆಕೆಯೂ ಇತ್ತು.

ಪೇಟಿ ಪರೀಕ್ಷೆ ಮಾಡುವುದನ್ನೂ ಅವತ್ತೇ ಕಲಿಸಿದರು. ನಿಮ್ಮಲ್ಲಿ ಯಾರಾದರೂ ಕೊಳ್ಳುವವರಿದ್ದರೆ ಉಪಯೋಗವಾದೀತು. ಮೊದಲು ಗುಂಡಿಗಳನ್ನೆಲ್ಲ ಮುಚ್ಚಿ ತಿದಿ ಒತ್ತಿ ಗಾಳಿ ತುಂಬಿಸಿ ಬಿಡಬೇಕು; ಗಾಳಿ ಹಾಗೆಯೇ ನಿಲ್ಲಬೇಕು, ಬೇಗ ಇಳಿದರೆ ಎಲ್ಲೋ ಸೋರುತ್ತಿದೆ. ಆಮೇಲೆ ಒಂದು ಗುಂಡಿ ಎಳೆದು, ಯಾವ ಮನೆಯನ್ನೂ ಮುಟ್ಟದೆ ತಿದಿ ಒತ್ತಬೇಕು. ಆಗ ಯಾವುದಾದರೂ ಸ್ವರ ತಾನಾಗಿ ಕೂಗಿದರೆ ಅದರ ಮುಚ್ಚಳ ಸರಿಯಾಗಿ ಕೂತಿಲ್ಲ. ಬಳಿಕ ಎಡದಿಂದ ಬಲಕ್ಕೆ ಒಂದೊಂದೇ ಮನೆಯನ್ನು ಮೆಲ್ಲಗೆ, ಸ್ವಲ್ಪವೇ ಗಾಳಿ ಕೊಟ್ಟು ಒತ್ತಬೇಕು. ಜೋರಾಗಿ ಒತ್ತಿದರೆ ಕೆಟ್ಟ ಪೇಟಿಯೂ ನುಡಿಯುತ್ತದೆ. ಮೆಲ್ಲಗೆ ಕೇಳಿದಾಗ ತಡಮಾಡದೆ ಓ ಎನ್ನುವುದೇ ಒಳ್ಳೆಯದು. ಕಲಿಯುವವರಿಗೆ ಎರಡು ಸಾಲು ರೀಡು, ಮೂರೂವರೆ ಸಪ್ತಕ ಬೇಕಾದಷ್ಟಾಯಿತು. ಸ್ಕೇಲ್ ಚೇಂಜರ್ ಬೇಡ. ಬೇರೆ ಬೇರೆಯವರ ದನಿಗೆ ಸಾಥ್ ಕೊಡುವವರಿಗೆ ಅದು ಬೇಕು. ನಮಗೆ ಭಾರ, ಕೆಟ್ಟರೆ ರಿಪೇರಿಯೂ ಕಷ್ಟ. ನನ್ನ ಒಂಬತ್ತು ಗುಂಡಿಗಳಲ್ಲಿ ಮೂರಕ್ಕೆ ಒಳಗೆ ಏನೂ ಇರಲಿಲ್ಲವೆಂದು ಆಮೇಲೆ ತಿಳಿಯಿತು. ಅಂದಕ್ಕೆ ಇಟ್ಟದ್ದು!

ಈ ಪೇಟಿ ಪರದೇಶದ್ದೆಂದು ಮುತ್ಯಾಗೆ ಹೇಳಿದರೆ ನಂಬಲಿಲ್ಲ. 1840ರ ಸುಮಾರಿಗೆ ಪ್ಯಾರಿಸ್ಸಿನ ದೆಬೇನ್ ಎಂಬವರು ಮಾಡಿದ ಹಾರ್ಮೋನಿಯಂ ಕಾಲಿನಿಂದ ತುಳಿಯುವಂಥದು. ಅದಕ್ಕೂ ಮುಂಚೆ, 1829ರಲ್ಲಿ, ಲಂಡನ್ನಿನ ವೀಟ್‌ಸ್ಟನ್ ಇದೇ ಜಾತಿಯ ಲೋಹದ ನಾಲಿಗೆಗಳ ಒಂದು ಪುಟ್ಟ ವಾದ್ಯಕ್ಕೆ ಪೇಟೆಂಟ್ ಪಡೆದಿದ್ದರು; ಅದೇ ಮುಂದೆ ಕನ್ಸರ್ಟಿನಾ ಎಂಬ ವಾದ್ಯವಾಯಿತು. ನಮ್ಮ ಪೇಟಿಯ ದಾಯಾದಿ ಎನ್ನಿ. ನೆಲದ ಮೇಲೆ ಕೂಡುವ ನಮ್ಮವರಿಗಾಗಿ ಕಾಲಿನ ಕೆಲಸವನ್ನು ಎಡಗೈಗೆ ಒಪ್ಪಿಸಿ ರೂಢಿಗೆ ತಂದವರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರ ಹೆಸರು ದೊಡ್ಡದು. ಸ್ವರದಿಂದ ಸ್ವರಕ್ಕೆ ಜಾರಲು ಬರುವುದಿಲ್ಲ, ಶ್ರುತಿಯ ಸೂಕ್ಷ್ಮ ಇದಕ್ಕಿಲ್ಲ ಎಂದು ಆಕಾಶವಾಣಿ 1940ರಲ್ಲಿ ಇದನ್ನು ಹೊರಗಿಟ್ಟಿತು. 1971ರಲ್ಲಿ ಆ ನಿಷೇಧ ಸಡಿಲಾಯಿತು. ರವೀಂದ್ರನಾಥ ಠಾಕೂರರಿಗೂ ಇದು ಸೇರುತ್ತಿರಲಿಲ್ಲವಂತೆ. ಇರಬಹುದು. ಆ ಮೂವತ್ತು ವರ್ಷವೂ ನಮ್ಮ ಹಳ್ಳಿಗಳ ಗುಡಿಕಟ್ಟೆಯಲ್ಲಿ ಪೇಟಿ ನುಡಿಯುತ್ತಲೇ ಇತ್ತು. ನಿಷೇಧದ ಸುದ್ದಿ ಅಲ್ಲಿಗೆ ಮುಟ್ಟಿತೋ ಇಲ್ಲವೋ.

ನನ್ನ ದೊಡ್ಡ ಪೇಟಿಯನ್ನು ಬೇರೆ ಊರಿನ ಮೇಳವೊಂದು ಸೋರಿಕೆ ತಿದ್ದಿಸಿಕೊಳ್ಳುವ ಕರಾರಿನ ಮೇಲೆ 13,000ಕ್ಕೆ ಕೊಂಡಿತು. 11,000 ಹೋದದ್ದನ್ನು ನಮ್ಮ ಮನೆಯವರಿಗೆ ಈವರೆಗೂ ಪೂರ್ತಿ ಹೇಳಿಲ್ಲ. ಪುಸ್ತಕ ಬಂದಾಗ ಓದುತ್ತಾರೆ.

ಸುರಪುರದಲ್ಲಿ ಒಬ್ಬ ಪೇಟಿ ಮಾಸ್ತರರು ತೀರಿಕೊಂಡು ವರ್ಷವಾಗಿತ್ತು, ಅವರ ಪೇಟಿ ಕೊಡುತ್ತಾರಂತೆ ಎಂದು ಮುತ್ಯಾ ಸುದ್ದಿ ತಂದರು. ಇಬ್ಬರೂ ಹೋದೆವು. ಸಣ್ಣ ಪೇಟಿ, ಪಾಲಿಶೆಲ್ಲ ಹೋಗಿ ಬೆರಳಾಡಿದ ಕಡೆ ಕಟ್ಟಿಗೆ ಬೆಳ್ಳಗಾಗಿತ್ತು. ಗಾಳಿ ನಿಂತಿತು. ಒಂದು ಮನೆ ಮೂಕವಾಗಿತ್ತು. ಮುತ್ಯಾ ಮುಚ್ಚಳ ಬಿಚ್ಚಿ, ರೀಡಿನ ಕೆಳಗೆ ತೆಳ್ಳಗಿನ ಕಾಗದ ತೂರಿಸಿ ಧೂಳು ತೆಗೆದರು. ನುಡಿಯಿತು. ನಾನು ಬಿಳಿ ಐದು ಒತ್ತಿ, ಅಕ್ಕಪಕ್ಕ ನೋಡಿ, ಸಣ್ಣಗೆ ಸಾ ಎಂದೆ.

ಮಾಸ್ತರರ ಹೆಂಡತಿ, ಎಂಬತ್ತರ ಹತ್ತಿರದ ಆಯಿ, ಕಂಬಕ್ಕೊರಗಿ ನೋಡುತ್ತಿದ್ದರು. 6,000 ಎಂದು ಮಾತಾಯಿತು. ಅರಿವೆಯಿಂದ ಪೇಟಿಯನ್ನು ಒರೆಸುತ್ತ ಅವರೆಂದರು: "ಐವತ್ತು ವರ್ಷ ದಿನಾ ಒರಸೀನಿ ನೋಡ್ರಿ. ಒಂದ ದಿನ ಒತ್ತಿ ನೋಡಿಲ್ಲ."

"ಈಗ ಒತ್ರಿ ಆಯಿ."

"ಅಯ್ಯ, ನನಗ್ಯಾಕ ಬೇಕ್ರಿ ಈ ವಯಸ್ಸಿನಾಗ."

ನಾನು ತಿದಿ ಹಿಡಿದು ಗಾಳಿ ಕೊಟ್ಟೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ, ತೋರುಬೆರಳಿನಿಂದ ನಡುವಿನ ಒಂದು ಮನೆ ಒತ್ತಿದರು. ಸ್ವರ ಬಂದ ಕೂಡಲೇ ಬಿಸಿ ತಾಕಿದವರಂತೆ ಕೈ ಹಿಂದಕ್ಕೆಳೆದುಕೊಂಡರು. ಆಮೇಲೆ ಮತ್ತೆ ಒತ್ತಿದರು. ಈ ಸಲ ತೆಗೆಯಲಿಲ್ಲ. ನನ್ನ ಎಡಗೈ ನೋಯತೊಡಗಿತು, ಆದರೂ ಗಾಳಿ ಕೊಡುತ್ತಲೇ ಇದ್ದೆ. ಮುತ್ಯಾ ಅಂಗಳಕ್ಕೆ ಹೋಗಿ ಎಲೆ ಅಡಿಕೆ ಹಾಕಿಕೊಳ್ಳುತ್ತ ನಿಂತರು.

ಶಹಾಪುರದ ಬಸ್ಸಿನಲ್ಲಿ ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. 2023ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಲ್ಲವೇ, ಕಂಡಕ್ಟರ್ ನನ್ನ ಆಧಾರ್ ನೋಡಿ ಚೀಟಿ ಹರಿದು ಕೊಟ್ಟು, "ಅಕ್ಕೋರ, ನಿಮಗಂತೂ ರೊಕ್ಕಿಲ್ಲ. ಪೇಟಿ ಗಂಡೋ ಹೆಣ್ಣೋ?" ಎಂದ.

"ಹೆಣ್ಣ ಅದ. ಬಿಳಿ ಐದು" ಎಂದೆ. ಅವನಿಗೆ ತಿಳಿಯಲಿಲ್ಲ. ಹಿಂದಿನ ಸೀಟಿನಲ್ಲಿ ಮುತ್ಯಾ ಜೋರಾಗಿ ಕೆಮ್ಮಿದರು.