ಕಡೆಗೆ ಮುಟ್ಟಿದವರು

ಕಾರಿನ ಎಂಜಿನ್ ಕಾದು ನಿಂತಾಗ ಮೆಕ್ಯಾನಿಕ್ ಕೇಳುವ ಮೊದಲ ಪ್ರಶ್ನೆ ಎಂಜಿನ್ನಿನ ಬಗ್ಗೆ ಇರುವುದಿಲ್ಲ. ‘ಇದನ್ನ ಕಡೀಕ ಯಾರ ಮುಟ್ಟ್ಯಾರ್ರಿ?’ ಎನ್ನುವುದೇ ಆ ಪ್ರಶ್ನೆ. ಬೆಳಗಾವಿಯಲ್ಲಿ ನಾವು ಸುತ್ತಿದ ಮೂರು ಗ್ಯಾರೇಜುಗಳಲ್ಲೂ ಇದೇ ಎದುರಾಯಿತು. ‘ನಮ್ಮಪ್ಪ, ಮನ್ಯಾಗ’ ಎಂದ ಕೂಡಲೇ ವಿಚಾರಣೆ ಮುಗಿದುಹೋಗುತ್ತಿತ್ತು. ಒಬ್ಬನಂತೂ ಬಾನೆಟ್ ಎತ್ತುವ ಮೊದಲೇ ತೀರ್ಪು ಕೊಟ್ಟ: ‘ಗ್ಯಾಸ್ಕೆಟ್ ಹೋಗೇತ್ರಿ. ಹೆಡ್ ಇಳಸಬೇಕು.’

ಗಾಡಿ 2008ರ ಮಾರುತಿ 800. ಮೂರು ಸಿಲಿಂಡರು, 796 ಸಿಸಿ. ಇದರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಖಾನಾಪುರದ ಓಣಿಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ. ಅಪ್ಪ ಏಪ್ರಿಲ್‌ನಲ್ಲಿ ಅಂಗಳದಲ್ಲಿ ಕೂತು ಮಾಡಿದ ಕೆಲಸ ಇಷ್ಟು: ಬಿರುಕು ಬಿಟ್ಟಿದ್ದ ಮೇಲಿನ ಹೋಸ್ ಬದಲಿಸಿದ, ರೇಡಿಯೇಟರಿನ ಹಳೇ ಮುಚ್ಚಳ ತೆಗೆದು ಹೊಸದು ಹಾಕಿದ, ಒಳಗಿದ್ದ ಕೆಂಪು ರಾಡಿ ನೀರನ್ನು ಕ್ಲೀನರ್ ಹಾಕಿ ತೊಳೆದು ಹಸಿರು ಕೂಲಂಟ್ ತುಂಬಿದ. ಹತ್ತು ದಿನದ ಮೇಲೆ ಬೆಳಗಾವಿಯಿಂದ ಮರಳುವಾಗ, ದೇಸೂರು ದಾಟಿದ್ದೇ, ಮುಳ್ಳು ಕೆಂಪು ಗೆರೆಗೆ ಹೋಗಿ ನಿಂತಿತು.

ಅಣ್ಣ ಪುಣೆಯಿಂದ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: ‘ಅಪ್ಪನ ಕೈಯಾಗ ಇನ್ನ ಸ್ಪ್ಯಾನರ್ ಕೊಡಬ್ಯಾಡ್ರಿ.’ ಎರಡು ವರ್ಷದ ಹಿಂದೆ ಅಪ್ಪನಿಗೆ ಬೈಪಾಸ್ ಆಯಿತು. ಆಗಿನಿಂದ ಮನೆಯವರು ಒಂದೊಂದನ್ನೇ ಅವನ ಕೈಯಿಂದ ತೆಗೆಯುತ್ತ ಬಂದಿದ್ದರು. ಮೊದಲು ಏಣಿ, ಆಮೇಲೆ ಗ್ಯಾಸ್ ಸಿಲಿಂಡರು, ಆಮೇಲೆ ರಾತ್ರಿಯ ಡ್ರೈವಿಂಗು. ಉಳಿದದ್ದು ಸ್ಪ್ಯಾನರ್ ಪೆಟ್ಟಿಗೆಯೊಂದೇ. ಅಮ್ಮ ಅದನ್ನೂ ಕಪಾಟಿಗೆ ಸೇರಿಸಿ ಕೀಲಿ ಹಾಕಿದಳು. ಅಪ್ಪ ಏನೂ ಹೇಳಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು.

ನನ್ನದು ಇತಿಹಾಸದಲ್ಲಿ ಸಂಶೋಧನೆ. ‘ಆನಂತರ’ ಎಂದು ಬರೆಯಬೇಕಾದಲ್ಲಿ ‘ಆದ್ದರಿಂದ’ ಎಂದು ಬರೆದ ಅಧ್ಯಾಯ ನಮ್ಮ ವಿಭಾಗದಲ್ಲಿ ಕೆಂಪು ಗೀಟು ಹೊತ್ತು ವಾಪಸು ಬರುತ್ತದೆ. ಕಾಗೆ ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಗಂಟು ಹಾಕಬೇಡಿ ಎನ್ನುವ ಕಾಕತಾಳೀಯ ನ್ಯಾಯ ನಮ್ಮಲ್ಲಿ ಹಳೆಯದು. ಆದರೆ ಕಾರಿನ ವಿಷಯದಲ್ಲಿ ಕಾಗೆಯನ್ನು ಅಷ್ಟು ಸುಲಭವಾಗಿ ಬಿಡುಗಡೆ ಮಾಡುವಂತೆಯೂ ಇರಲಿಲ್ಲ. ಅಪ್ಪ ಮುಟ್ಟಿದ್ದು ನೀರಿನ ವ್ಯವಸ್ಥೆಯನ್ನೇ, ಕೆಟ್ಟದ್ದೂ ಅದೇ.

ಆ ವ್ಯವಸ್ಥೆಯ ಲೆಕ್ಕ ಸ್ವಾರಸ್ಯದ್ದು. ಪೆಟ್ರೋಲಿನ ಶಕ್ತಿಯ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಬಿಸಿಯಾಗಿ ಕೂಲಂಟಿಗೆ ಇಳಿಯುತ್ತದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97-98 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ ಅದರ ಅಂಚಿನಲ್ಲೇ ಕೆಲಸ ಮಾಡುವಂಥದ್ದು. ಹಾಗಾಗಿ ಮುಚ್ಚಳವೆಂದರೆ ಬರೀ ಮುಚ್ಚಳವಲ್ಲ, ಕುಕ್ಕರಿನ ಸೀಟಿಯಂಥದ್ದು. 0.9 ಎಂದು ಬರೆದ ಮುಚ್ಚಳ ಅಷ್ಟು ಒತ್ತಡವನ್ನು ಒಳಗೇ ಹಿಡಿದಿಟ್ಟರೆ ನೀರು ಕುದಿಯಲು 118 ಡಿಗ್ರಿಯ ಆಸುಪಾಸು ಬೇಕು. ಮುಚ್ಚಳದ ರಬ್ಬರು ಸವೆದರೆ ಈ ಇಪ್ಪತ್ತು ಡಿಗ್ರಿಯ ಅವಕಾಶ ಹೋಯಿತು. ಬಿಸಿ ಇರುವಾಗ ಅದನ್ನು ತೆರೆದವರ ಮುಖ ಸುಡುವುದೂ ಈ ಒತ್ತಡದಿಂದಲೇ.

ನಮ್ಮ ಖಾನಾಪುರ ಹೆಂಚು, ಮಡಕೆಗಳಿಗೆ ಹೆಸರಾದ ಊರು. ಮಡಕೆ ಒಸರುವುದರಿಂದಲೇ ನೀರು ತಣ್ಣಗಿರುತ್ತದೆ. ರೇಡಿಯೇಟರು ಅದರ ವೈರಿ. ಒಂದು ಹನಿ ಒಸರಿದರೂ ಕಾಯುತ್ತದೆ.

ಯಾವಾಗ ಕಾಯುತ್ತದೆ ಎಂಬುದೇ ಅರ್ಧ ಉತ್ತರ. ಟ್ರಾಫಿಕ್ಕಿನಲ್ಲಿ ನಿಂತಾಗ ಕಾದು, ಓಡುವಾಗ ತಣಿದರೆ ಫ್ಯಾನ್ ನೋಡಬೇಕು. ನಮ್ಮದು ತಿಲಕವಾಡಿಯ ರೈಲ್ವೆ ಗೇಟಿನ ಮುಂದೆ ತೆಪ್ಪಗಿದ್ದು, ಮಚ್ಛೆ ದಾಟಿ ವೇಗ ಹಿಡಿದ ಮೇಲೆ ಕಾಯುತ್ತಿತ್ತು. ಅಂದರೆ ನೀರು ಕಡಿಮೆಯಾಗುತ್ತಿದೆ ಅಥವಾ ಹರಿಯುತ್ತಿಲ್ಲ. ಒಬ್ಬ ಮೆಕ್ಯಾನಿಕ್ ‘ಥರ್ಮೋಸ್ಟ್ಯಾಟ್ ತಗದ ಒಗೀರಿ’ ಎಂದ. ಮೇಣದ ಗುಳಿಗೆಯೊಂದು ಸುಮಾರು 82 ಡಿಗ್ರಿಗೆ ಕರಗಿ ಹಿಗ್ಗಿ ದಾರಿ ಬಿಡುವ ಪುಟ್ಟ ಬಾಗಿಲು ಅದು. ತೆಗೆದರೆ ಎಂಜಿನ್ ಸದಾ ಅರೆಬಿಸಿಯಲ್ಲಿ ಓಡಿ ಪೆಟ್ರೋಲು ಕುಡಿಯುತ್ತದೆ, ಸೋರಿಕೆ ಹಾಗೇ ಉಳಿಯುತ್ತದೆ. ಈ ಸಲಹೆಯಷ್ಟು ಜನಪ್ರಿಯವೂ ಕೆಟ್ಟದ್ದೂ ಆದ ಸಲಹೆ ನಮ್ಮ ಗ್ಯಾರೇಜುಗಳಲ್ಲಿ ಇನ್ನೊಂದಿಲ್ಲ.

ಗ್ಯಾಸ್ಕೆಟ್ಟಿನ ಲಕ್ಷಣಗಳು ಒಂದೂ ಇರಲಿಲ್ಲ. ಆಯಿಲ್ ಮುಚ್ಚಳದಡಿ ಹಾಲಿನಂಥ ಕೆನೆ ಇಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇಲ್ಲ, ರೇಡಿಯೇಟರಿನ ಬಾಯಲ್ಲಿ ಗುಳ್ಳೆ ಇಲ್ಲ. ರಾತ್ರಿ ಕೆಳಗೆ ಹಾಸಿದ ರಟ್ಟಿನ ಮೇಲೆ ಬೆಳಿಗ್ಗೆ ಒಂದು ಹನಿಯೂ ಇಲ್ಲ. ಆದರೂ ನೂರು ಕಿಲೋಮೀಟರಿಗೆ ಅರ್ಧ ಲೀಟರು ಮಾಯ.

ಕಡೆಗೆ ಪಿರನವಾಡಿಯ ಗ್ಯಾರೇಜೊಂದರ ಹುಡುಗ ಕೈಪಂಪು ಕೊಟ್ಟ. ಮುಚ್ಚಳದ ಜಾಗದಲ್ಲಿ ಕೂರಿಸಿ, ತಣ್ಣಗಿನ ಎಂಜಿನ್ನಿಗೆ ಗಾಳಿ ತುಂಬಿ, ಮೀಟರು ನೋಡುತ್ತ ಕೂರುವ ಉಪಕರಣ. 0.9ಕ್ಕೆ ಏರಿಸಿದೆ. ಐದು ನಿಮಿಷಕ್ಕೆ ಮುಳ್ಳು 0.7ಕ್ಕೆ ಇಳಿಯಿತು. ಹೋಸ್ ಒಣಗಿತ್ತು, ಕ್ಲಿಪ್ಪೂ ಒಣಗಿತ್ತು. ಅಪ್ಪ ಕಟ್ಟೆಯ ಮೇಲಿಂದ ಎದ್ದು ಬಂದ. ‘ರೇಡಿಯೋ ಬಂದ್ ಮಾಡ,’ ಎಂದು ಬ್ಲಾಕಿಗೆ ಕಿವಿ ಹಚ್ಚಿದ. ಆಮೇಲೆ ತನ್ನ ದಾಡಿ ಕನ್ನಡಿ ತರಿಸಿದ. ಕಣ್ಣಿಗೆ ಕಾಣದ ಹಿಂಬದಿಗೆ ಕನ್ನಡಿ ಇಳಿಸಿ ಟಾರ್ಚು ಬಿಟ್ಟಾಗ, ನಾಣ್ಯದಷ್ಟಗಲದ ಉಕ್ಕಿನ ಬಿಲ್ಲೆಯೊಂದರ ಅಂಚಿನಲ್ಲಿ ಹಸಿರು ಹನಿ ಮೂಡುತ್ತಿತ್ತು. ಎಂಜಿನ್ ಓಡುವಾಗ ಅದು ಬಿಸಿ ಕಬ್ಬಿಣದ ಮೇಲೆಯೇ ಆವಿಯಾಗುತ್ತಿತ್ತು. ನಿಂತು ತಣಿದ ಮೇಲೆ ಒತ್ತಡವಿಲ್ಲ, ಹನಿಯೂ ಇಲ್ಲ.

ಅಪ್ಪ ನಕ್ಕ. ‘ಇದು ನಮ್ಮ ಡಿಪಾರ್ಟ್‌ಮೆಂಟಿಂದು!’

ಉದ್ಯಮಬಾಗದ ಒಂದು ಫೌಂಡ್ರಿಯ ಕೋರ್ ಶಾಪಿನಲ್ಲಿ ಅವನು ಮೂವತ್ತು ವರ್ಷ ದುಡಿದವನು. ಎಂಜಿನ್ ಬ್ಲಾಕಿನೊಳಗೆ ನೀರು ಹರಿಯುವ ಪೊಳ್ಳನ್ನು ಯಾರೂ ಕೊರೆಯುವುದಿಲ್ಲ. ಆ ಪೊಳ್ಳಿನ ಆಕಾರದ ಮರಳಿನ ಗಟ್ಟಿಯನ್ನು, ಅಂದರೆ ಕೋರನ್ನು, ಅಚ್ಚಿನೊಳಗೆ ನಿಲ್ಲಿಸಿ ಸುತ್ತ ಕರಗಿದ ಲೋಹ ಸುರಿಯುತ್ತಾರೆ. ಕೋರಿಗೆ ಆಧಾರ ಬೇಕು, ಆಮೇಲೆ ಮರಳು ಹೊರಬರಲು ದಾರಿ ಬೇಕು. ಅದಕ್ಕಾಗಿ ಬಿಟ್ಟ ತೂತುಗಳನ್ನು ಕೊನೆಗೆ ಬಟ್ಟಲಿನಂಥ ಬಿಲ್ಲೆ ಬಡಿದು ಮುಚ್ಚುತ್ತಾರೆ. ಇದಕ್ಕೆ ಕೋರ್ ಪ್ಲಗ್ ಎಂದು ಹೆಸರು. ಫ್ರಾಸ್ಟ್ ಪ್ಲಗ್ ಎನ್ನುವವರೂ ಇದ್ದಾರೆ, ನೀರು ಹೆಪ್ಪುಗಟ್ಟಿದರೆ ಹಾರಿ ಬ್ಲಾಕನ್ನು ಉಳಿಸುತ್ತದೆ ಎಂಬ ನಂಬಿಕೆಯಿಂದ. ಬೆಳಗಾವಿಯಲ್ಲಿ ಅದು ಕಾಯುತ್ತಿರುವ ಹಿಮ ಯಾವುದೋ!

ಹಿಂದಿನ ಮಾಲೀಕರು ವರ್ಷಗಟ್ಟಲೆ ಬೋರ್‌ವೆಲ್ ನೀರು ತುಂಬಿಸಿದ್ದರು. ತುಕ್ಕು ಪ್ಲಗ್ಗನ್ನು ಒಳಗಿಂದ ತಿಂದಿತ್ತು, ಅದೇ ತುಕ್ಕಿನ ಹಕ್ಕಳೆ ಸೂಜಿಮೊನೆಯ ತೂತನ್ನು ಮುಚ್ಚಿಯೂ ಇತ್ತು. ಹಳೇ ಮುಚ್ಚಳ ಒತ್ತಡ ಹಿಡಿಯುತ್ತಿರಲಿಲ್ಲವಾದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಅಪ್ಪ ತೊಳೆದದ್ದರಿಂದ ಹಕ್ಕಳೆ ಹೋಯಿತು, ಹೊಸ ಮುಚ್ಚಳದಿಂದ ಒತ್ತಡ ಬಂತು. ಅವನು ಮುಟ್ಟಿದ್ದಕ್ಕೇ ಸೋರಿತು ಎನ್ನುವುದು ನಿಜ. ತೂತು ಮಾತ್ರ ಅವನು ಮಾಡಿದ್ದಲ್ಲ. ಅಣ್ಣನಿಗೆ ಇದನ್ನು ಫೋನಿನಲ್ಲಿ ವಿವರಿಸಲು ನನಗೆ ಅರ್ಧ ಗಂಟೆ ಬೇಕಾಯಿತು. ಅವನು ‘ಹೂಂ’ ಎಂದ, ಅಷ್ಟೇ.

ಅಮ್ಮ ಕಪಾಟಿನ ಕೀಲಿ ಕೊಟ್ಟಳು. ಅಪ್ಪ ಹೇಳಿದಂತೆ ನಾನು ಪ್ಲಗ್ಗಿನ ಒಂದು ಅಂಚಿಗೆ ಪಂಚು ಇಟ್ಟು ಬಡಿದೆ, ಅದು ಅಡ್ಡ ತಿರುಗಿತು, ಇಕ್ಕಳದಿಂದ ಎಳೆದೆ. ಗೂಡನ್ನು ಎಮರಿ ಕಾಗದದಿಂದ ಉಜ್ಜಿ, ಹಿತ್ತಾಳೆಯ ಪ್ಲಗ್ ಹುಡುಕಿ ತಂದು, ಅದರ ಒಳಗೆ ಕೂರುವ ಸಾಕೆಟ್ ಇಟ್ಟು ಬಡಿದದ್ದು ಅವನೇ. ಪ್ರತಿ ಏಟಿಗೂ ಸದ್ದು ಕೇಳಿ ತಲೆಯಾಡಿಸುತ್ತಿದ್ದ. ಆಮೇಲೆ ಗಾಡಿಯ ಮೂತಿಯನ್ನು ಏರಿನತ್ತ ನಿಲ್ಲಿಸಿ, ಮುಚ್ಚಳ ತೆಗೆದು, ಒಳಗಿನ ಗಾಳಿಯೆಲ್ಲ ಗುಳ್ಳೆಯಾಗಿ ಹೋಗುವ ತನಕ ಎಂಜಿನ್ ಓಡಿಸಿದೆವು. ಫ್ಯಾನ್ ಎರಡು ಸಲ ತಿರುಗಿ ನಿಂತಿತು. ಮತ್ತೆ ತಣಿದ ಮೇಲೆ ಪಂಪು ಹಾಕಿದಾಗ ಹದಿನೈದು ನಿಮಿಷ ಮುಳ್ಳು 0.9ರಿಂದ ಕದಲಲಿಲ್ಲ.

ಉಳಿದ ಪ್ಲಗ್ಗುಗಳೂ ಅದೇ ವಯಸ್ಸಿನವು. ಮಳೆ ನಿಂತ ಮೇಲೆ ಒಂದೊಂದಾಗಿ ತೆಗೆಯೋಣ ಎಂದಿದ್ದಾನೆ. ಡಿಕ್ಕಿಯಲ್ಲಿ ಇಡುತ್ತಿದ್ದ ನೀರಿನ ಬಾಟಲಿಯಲ್ಲಿ ಈಗ ಬೆರೆಸಿದ ಕೂಲಂಟ್ ಇದೆ. ಎಥಿಲೀನ್ ಗ್ಲೈಕಾಲ್ ಬಾಯಿಗೆ ಸಿಹಿ, ಹೊಟ್ಟೆಗೆ ವಿಷ. ಅದಕ್ಕೇ ಬಾಟಲಿಯ ಮೇಲೆ ಅಪ್ಪ ದಪ್ಪ ಅಕ್ಷರದಲ್ಲಿ, ಮೊದಲು ಕನ್ನಡದಲ್ಲಿ ‘ಕುಡಿಯಬ್ಯಾಡ್ರಿ’ ಎಂದೂ, ಕೆಳಗೆ ಮರಾಠಿಯಲ್ಲಿ ‘ಪಿಊ ನಕಾ’ ಎಂದೂ ಬರೆದು ಅಂಟಿಸಿದ್ದಾನೆ.